ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಮೀಟಿಂಗ್ ರೂಮು ಖಾಲಿ ಸಿಗುವುದಿಲ್ಲ. ಒಳಗೆ ಕೆಲಸಕ್ಕೆ ಸೇರಿ ವರ್ಷವಾದ ಹುಡುಗಿ. ಎದುರಿಗೆ ಲ್ಯಾಪ್‌ಟಾಪಿನಿಂದ ಕಣ್ಣು ಕೀಳದ ಮ್ಯಾನೇಜರ್. ಅಪ್ರೈಸಲ್ ನಡೆದಿದೆ.

“ನೋಡಮ್ಮ, ಕೆಲಸ ತುಂಬಾ ಚೆನ್ನಾಗಿ ಮಾಡ್ತೀಯ. ಆದ್ರೆ ವಿಸಿಬಿಲಿಟಿ ಸಾಲದು. ಓವರಾಲ್ ನಮಗೆಲ್ಲ ಖುಷಿ ಇದೆ.”

ಮೊದಲು ಹೊಗಳು, ನಡುವೆ ಚುಚ್ಚು, ಕೊನೆಗೆ ಮತ್ತೆ ಹೊಗಳು. ಸ್ಯಾಂಡ್‌ವಿಚ್ ವಿಧಾನವಂತೆ. ಇದನ್ನು ಕಲಿಸಲು ಮ್ಯಾನೇಜರುಗಳಿಗೆ ಹೋಟೆಲಿನಲ್ಲಿ ತರಬೇತಿ, ಊಟ ಸಮೇತ. ನಮ್ಮ ಹಿರಿಯರು ತರಬೇತಿಯಿಲ್ಲದೆಯೇ ಹೊಗಳಿ ಹೊನ್ನಶೂಲಕ್ಕೆ ಏರಿಸುತ್ತಿದ್ದರು.

ವಿಸಿಬಿಲಿಟಿ ಯಾವ ಕೆಲಸದಲ್ಲಿ ಕಮ್ಮಿಯಾಯ್ತು ಸರ್ ಎಂದು ಹುಡುಗಿ ಕೇಳಿದಳು. ಒಂದು ಉದಾಹರಣೆ ಕೊಡಿ ಎಂದಳು. ಸಿಕ್ಕ ಉತ್ತರ: “ನೀನು ಡಿಫೆನ್ಸಿವ್ ಆಗ್ತಿದೀಯ.” ಅದೂ ಫಾರ್ಮಿಗೆ ಸೇರಿತು.

ಉದಾಹರಣೆ ಕೊಡುವುದೆಲ್ಲಿಂದ? ಆಕೆಯ ರೇಟಿಂಗ್ ಮಾರ್ಚಿನಲ್ಲೇ ಇನ್ನೊಂದು ರೂಮಿನಲ್ಲಿ ತೀರ್ಮಾನವಾಗಿತ್ತು. ಹೈಕಿಗೆ ಇಷ್ಟೇ ದುಡ್ಡು ಎಂದು ಮೇಲಿನಿಂದ ಬಂತು. ತಂಡದಲ್ಲಿ ಒಬ್ಬರಾದರೂ ಕೆಳಗಿನ ಸಾಲಿಗೆ ಬೀಳಬೇಕು ಎಂದೂ ಬಂತು. ಬಿದ್ದವಳು ಹೊಸಬಳು. ತಿರುಗಿ ಮಾತಾಡಲಾರಳಲ್ಲ. ರೆಸೈನ್ ಮಾಡಿದವರು, ಹೆರಿಗೆ ರಜೆಯಲ್ಲಿರುವವರು ಸಿಕ್ಕಿದ್ದರೆ ಆಕೆ ಬಚಾವಾಗುತ್ತಿದ್ದಳು. ಮೊದಲು ತೀರ್ಪು ಕೊಟ್ಟಾಯಿತು, ಈಗ ಸಾಕ್ಷಿ ಹುಡುಕುತ್ತಿದ್ದಾರೆ. ಆ ಸಾಕ್ಷಿಯ ಹೆಸರೇ ಸಮತೋಲಿತ ಫೀಡ್‌ಬ್ಯಾಕ್. ಸಮತೋಲನವೆಲ್ಲ ಬಜೆಟ್ಟಿನದು.

ಈ ವಿದ್ಯೆ ನಮ್ಮದಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಜ್ಯಾಕ್ ವೆಲ್ಚ್ ನೌಕರರನ್ನು 20-70-10 ಎಂದು ವಿಂಗಡಿಸಿ, ಕೆಳಗಿನ ಶೇ 10 ಮಂದಿಗೆ ಬಾಗಿಲು ತೋರಿಸಿದರು. ಜಗತ್ತು ಚಪ್ಪಾಳೆ ತಟ್ಟಿತು. ಇಂಥದೇ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕಿತ್ತೆಸೆಯಿತು. ಆಮೇಲೆ ಬೆಲ್ ಕರ್ವ್ ಎಂಬ ಈ ವಿಂಗಡಣೆಯನ್ನು ಬಿಟ್ಟೆವೆಂದು ಘೋಷಿಸುವುದೇ ಫ್ಯಾಷನ್ ಆಯಿತು. ಈಗ ಹೆಸರು ಕ್ಯಾಲಿಬ್ರೇಷನ್. ಹುಡುಗಿ ಮಾತ್ರ ಬಿದ್ದಲ್ಲೇ ಇದ್ದಾಳೆ.

ಆಕೆಯ ಫಾರ್ಮು ನೋಡಿದೆ. ಎರಡನೇ ಪ್ಯಾರಾದಲ್ಲಿ ಆಕೆ ಗಂಡಸಾಗಿದ್ದಳು. ಮೂರನೆಯದರಲ್ಲಿ ಆಕೆ ಕಾಲಿಟ್ಟೇ ಇರದ ಪ್ರಾಜೆಕ್ಟಿನ ಹೆಸರಿತ್ತು. ಹೋದ ವರ್ಷ ಯಾರಿಗೋ ಬರೆದದ್ದು, ಈ ವರ್ಷ ಈಕೆಗೆ ಅಂಟಿತ್ತು. ಅದೇ ಹಾಳೆಯ ಸಲಹೆ: “ಸಣ್ಣಪುಟ್ಟ ವಿವರಗಳ ಬಗ್ಗೆ ಹೆಚ್ಚು ಗಮನ ಇರಲಿ.”

ಫೀಡ್‌ಬ್ಯಾಕ್ ಕೊಟ್ಟರೆ ಕೆಲಸ ಸುಧಾರಿಸುತ್ತದೆ ಎಂಬುದೂ ಅಷ್ಟು ಗಟ್ಟಿ ಮಾತಲ್ಲ. ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ 1996ರಲ್ಲೇ ಬರೆದರು: ಸರಾಸರಿಯಲ್ಲಿ ಲಾಭವುಂಟು, ಆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಡೆ ಕೆಲಸ ಇನ್ನಷ್ಟು ಹದಗೆಟ್ಟಿದೆ. ಮಾತು ಕೆಲಸವನ್ನು ಬಿಟ್ಟು ಆಳಿನತ್ತ ತಿರುಗಿದಷ್ಟೂ ಉಪಯೋಗ ಕಮ್ಮಿ ಎಂದೂ ಹೇಳಿದರು. ಈ ಹುಡುಗಿಗೂ ಇಂಥ ಕೋಡಿನಲ್ಲಿ ಇಂಥ ತಪ್ಪು ಎಂದು ಅದೇ ವಾರ ಹೇಳಬಹುದಿತ್ತು. ಐದು ನಿಮಿಷದ ಕೆಲಸ. ಆದರೆ ಅದಕ್ಕೆ ಕೋಡ್ ಓದಬೇಕಲ್ಲ! ಆ್ಯಟಿಟ್ಯೂಡ್ ಬಗ್ಗೆ ಮಾತಾಡಲು ಏನನ್ನೂ ಓದಬೇಕಾಗಿಲ್ಲ.

ಈಗಿನ ಮಕ್ಕಳಿಗೆ ಟೀಕೆ ತಾಳಿಕೊಳ್ಳೋ ಶಕ್ತಿಯೇ ಇಲ್ಲ ಎಂದು ಈ ಮ್ಯಾನೇಜರುಗಳೇ ಲಿಂಕ್ಡ್‌ಇನ್‌ನಲ್ಲಿ ಕೊರಗುತ್ತಾರೆ. ಇವರ ಶಕ್ತಿ ಎಷ್ಟೋ? ಮೀಟಿಂಗಿನಲ್ಲಿ “ಸರ್, ಈ ಡೆಡ್‌ಲೈನ್ ಆಗಲ್ಲ” ಎಂದ ಹುಡುಗ ಮುಂದಿನ ಮೀಟಿಂಗಿಗೆ ಕರೆಯೋಲೆಯೇ ಕಾಣಲಿಲ್ಲ.

ಮ್ಯಾನೇಜರ್ ಬಗ್ಗೆ ಮುಕ್ತವಾಗಿ ಹೇಳಿ ಎಂಬ ಸಮೀಕ್ಷೆಯೂ ಉಂಟು. ಹೆಸರು ಗುಟ್ಟಾಗಿರುತ್ತದೆ. ವಿಭಾಗ, ಲಿಂಗ, ವಯಸ್ಸು, ಸೇರಿದ ವರ್ಷ ತುಂಬಿದರೆ ಸಾಕು. ತಂಡದಲ್ಲಿ ಇರುವವರು ನಾಲ್ಕು ಜನ. ಹೆಣ್ಣು ಒಬ್ಬಳೇ.

ಜೂನಿನಲ್ಲಿ ಆಕೆ ಪೇಪರ್ ಹಾಕಿದಳು. ಕೂಡಲೇ ಕಂಪನಿಗೆ ಆಕೆಯ ಅಭಿಪ್ರಾಯದ ಮೇಲೆ ಪ್ರೀತಿ ಉಕ್ಕಿತು. ಎಕ್ಸಿಟ್ ಇಂಟರ್‌ವ್ಯೂ. ರಿಲೀವಿಂಗ್ ಲೆಟರ್ ಇನ್ನೂ ಕೈಗೆ ಬಂದಿಲ್ಲ, ಬಾಯಿ ಮುಚ್ಚಿಕೊಂಡಿರು ಎಂದು ಗೆಳತಿಯರು ಎಚ್ಚರಿಸಿದರು. ‘ತುಂಬಾ ಕಲಿತೆ’ ಎಂದು ಬರೆದಳು. ಕಂಪನಿ ಏನು ಸುಧಾರಿಸಿಕೊಳ್ಳಬೇಕು ಎಂಬಲ್ಲಿ ‘ಏನಿಲ್ಲ’ ಎಂದಳು. ಸಿಸ್ಟಮ್ ಒಪ್ಪಲಿಲ್ಲ, ಕನಿಷ್ಠ ನೂರು ಅಕ್ಷರ ಬೇಕಂತೆ. ಕೆಫೆಟೇರಿಯಾದ ಕಾಫಿ ಬಗ್ಗೆ ಬರೆದು ಕಳಿಸಿದಳು.