ಆಯಾ ಯಾರು ಅಂತ ಮೊದಲು ಕೇಳಿ

ಬಟ್ಟೆ ಆಮೇಲೆ ಹರವಿದರಾಯ್ತು, ಸ್ವಲ್ಪ ಈ ಕಡೆ ಬನ್ನಿ ಅಕ್ಕ. ಅತ್ತೆಯವರನ್ನ ಬೆಂಗಳೂರಿನ ಯಾವುದೋ ಹೋಮ್‌ಗೆ ಸೇರಿಸೋ ಮಾತು ನಡೀತಿದೆ ಅಂತ ನಿಮ್ಮ ಯಜಮಾನರು ಹೇಳಿದರು. ಹೇಳುವಾಗ ತಲೆ ತಗ್ಗಿಸಿಕೊಂಡಿದ್ದರು. ನನಗೆ ಸಂಕಟವಾಯ್ತು. ನಡುರಾತ್ರಿ ಅತ್ತೆ ಗೇಟು ಅಲ್ಲಾಡಿಸೋದು, ಹಿಂದೆಯೇ ನೀವು ಎದ್ದು ಬಂದು ‘ಬೆಳಗಾಗಲಿ ಅಮ್ಮ, ಹೋಗೋಣ’ ಅಂತ ಒಳಗೆ ಕರ್ಕೊಂಡು ಹೋಗೋದು, ಇದೆಲ್ಲ ಗೋಡೆ ಈಚೆ ಇರೋ ನಮಗೆ ಕೇಳಿಸದೆ ಇರುತ್ತಾ? ಇಷ್ಟು ವರ್ಷ ನೋಡಿಕೊಂಡವರು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಜನಕ್ಕೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಅತ್ತೆಗಿರೋ ಈ ಮರೆವಿನ ಕಾಯಿಲೆ, ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿದೆ. ಅಷ್ಟೂ ಮನೆಗಳಲ್ಲಿ ಯಾರೋ ಸೊಸೆಯೋ ಮಗಳೋ ಹೆಂಡತಿಯೋ ನಿದ್ದೆಗೆಟ್ಟು ಕೂತಿರ್ತಾಳೆ.

ಅದಿರಲಿ, ನಾನು ಕೇಳಬೇಕು ಅಂತಿದ್ದದ್ದು ಹೋಮ್ ಆರಿಸೋರು ಯಾರು ಅಂತ. ನಿಮ್ಮ ಮೈದುನ ಡಲ್ಲಾಸ್‌ನಿಂದ ಲಿಂಕ್ ಕಳಿಸಿದ್ದಾರಂತೆ, ವಿಡಿಯೋದಲ್ಲಿ ಗಾರ್ಡನ್ ಚೆನ್ನಾಗಿದೆ, ರೂಮಿನಲ್ಲಿ ಟೀವಿ ಇದೆ ಅಂದಿದ್ದಾರಂತೆ. ಒಳ್ಳೇ ಮನಸ್ಸಿನಿಂದಲೇ ಕಳಿಸಿರ್ತಾರೆ, ದುಡ್ಡಿನ ಭಾರವನ್ನೂ ಅವರೇ ಹೊರಬಹುದು. ಆದರೂ ಆರಿಸಬೇಕಾದವರು ನೀವು. ಅತ್ತೆಗೆ ಸ್ನಾನ ಮಾಡಿಸೋವಾಗ ಸೀದಾ ತಲೆ ಮೇಲೆ ನೀರು ಹಾಕಿದರೆ ಕಿರುಚ್ತಾರೆ, ಪಾದದಿಂದ ಶುರು ಮಾಡಿದರೆ ಸುಮ್ಮನಿರ್ತಾರೆ ಅಂತ ನೀವೇ ಒಂದು ಸಲ ಹೇಳಿದ್ರಿ. ಅದು ಗೊತ್ತಿರೋದು ನಿಮಗೊಬ್ಬರಿಗೆ. ಗೊತ್ತಿಲ್ಲದವರು ಹೋಗಿ ನೋಡಿದರೆ ಗ್ರಾನೈಟ್ ನೆಲ, ಲಿಫ್ಟು, ರಿಸೆಪ್ಷನ್‌ನಲ್ಲಿ ಕೂರಿಸಿರೋ ಗಣಪತಿ, ಇಷ್ಟೇ ಕಾಣೋದು.

ನಮ್ಮ ಚಿಕ್ಕಮ್ಮನಿಗೆ ಜಾಗ ಹುಡುಕೋವಾಗ ನಾನೂ ನನ್ನ ತಂಗಿಯೂ ಬೆಂಗಳೂರಿನ ಮೂಲೆ ಮೂಲೆ ಸುತ್ತಿದ್ವಿ. ಹೋದ ಕಡೆಯೆಲ್ಲ ಮ್ಯಾನೇಜರ್ ಒಂದು ಫೈಲು ಹಿಡಿದು ಕೂರಿಸ್ತಾರೆ. ಯೋಗ, ಭಜನೆ, ಫಿಸಿಯೋಥೆರಪಿ, ಹುಟ್ಟುಹಬ್ಬದ ಕೇಕು. ನೀವು ಕೇಳಿಸಿಕೊಳ್ಳಿ, ಆದರೆ ಅಲ್ಲೇ ಕೂತುಬಿಡಬೇಡಿ. ಬೆಳಿಗ್ಗೆ ಆರು ಗಂಟೆಗೆ ಅತ್ತೆಯ ಲಂಗದ ಲಾಡಿ ಬಿಚ್ಚೋ ಕೈ ಯಾರದ್ದು ಅಂತ ನೋಡಬೇಕು. ಆ ಆಯಾ ಜೊತೆ ಹತ್ತು ನಿಮಿಷ ನಿಂತು ಮಾತಾಡಿ. ‘ಎಷ್ಟು ದಿನದಿಂದ ಇಲ್ಲಿದ್ದೀಯಮ್ಮ? ರಜ ಕೊಡ್ತಾರಾ? ಎಷ್ಟು ಗಂಟೆ ಡ್ಯೂಟಿ? ರಾತ್ರಿ ಎಲ್ಲಿ ಮಲಗ್ತೀಯ?’ ಇಷ್ಟು ಸಾಕು. ಹಗಲೆಲ್ಲ ದುಡಿದ ಹುಡುಗಿಯೇ ರಾತ್ರಿ ಎರಡು ಮಂಚದ ನಡುವೆ ಚಾಪೆ ಹಾಕಿಕೊಂಡು ಮಲಗ್ತಾಳೆ ಅಂದರೆ ಆ ಹೋಮ್‌ನಲ್ಲಿ ರಾತ್ರಿ ಎಚ್ಚರವಾಗಿರೋರು ಯಾರೂ ಇಲ್ಲ ಅಂತ ಅರ್ಥ. ನಿಮ್ಮ ಅತ್ತೆ ಓಡಾಡೋದೇ ರಾತ್ರಿ ಹೊತ್ತು. ಎಲ್ಲ ಆಯಾಗಳೂ ಬಂದು ಎರಡು ಮೂರು ತಿಂಗಳಷ್ಟೇ ಆಗಿದೆ ಅಂದರೆ ಅಲ್ಲಿ ಯಾರೂ ನಿಲ್ತಿಲ್ಲ. ನಿಲ್ಲದೆ ಇರೋದಕ್ಕೆ ಏನೋ ಕಾರಣ ಇದ್ದೇ ಇರುತ್ತೆ.

ಎಷ್ಟು ಜನಕ್ಕೆ ಎಷ್ಟು ಆಯಾ ಅಂತ ಕೇಳಿದರೆ ‘ಸಾಕಷ್ಟಿದ್ದಾರೆ ಮೇಡಂ’ ಅಂತಾರೆ. ನೀವು ಊಟದ ಹೊತ್ತಿಗೆ ಹೋಗಿ ಲೆಕ್ಕ ಹಾಕಿ. ಕಾಯಿಲೆ ಮುಂದುವರಿದವರಿಗೆ ಬಾಯಿಗೆ ತುತ್ತಿಟ್ಟರೂ ಅಗಿಯೋದು ಮರೆತುಹೋಗುತ್ತೆ, ಕೆನ್ನೆಯಲ್ಲೇ ಇಟ್ಟುಕೊಂಡು ಕೂರ್ತಾರೆ. ನುಂಗಿದರಾ ಅಂತ ನೋಡಿ ಇನ್ನೊಂದು ತುತ್ತು ಕೊಡಬೇಕು. ಒಬ್ಬರಿಗೆ ಅರ್ಧ ಗಂಟೆ ಆಗೇ ಆಗುತ್ತೆ. ತಿನ್ನಿಸಬೇಕಾದವರು ಹನ್ನೆರಡು ಮಂದಿ, ತಿನ್ನಿಸೋರು ಇಬ್ಬರು ಅಂದರೆ ಮೂರು ಗಂಟೆ ಬೇಕು. ಅಷ್ಟನ್ನ ಮುಕ್ಕಾಲು ಗಂಟೆಯಲ್ಲಿ ಮುಗಿಸ್ತಿದ್ದಾರೆ ಅಂದರೆ ಒಂದೋ ಅರ್ಧ ಹೊಟ್ಟೆ, ಇಲ್ಲ ತುರುಕೋದು. ತುರುಕಿದ ಅನ್ನ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ ಅಕ್ಕ. ಈ ಕಾಯಿಲೆಯವರು ಎಷ್ಟೋ ಜನ ಕೊನೆಗೆ ತೀರಿಕೊಳ್ಳೋದು ಆ ನ್ಯುಮೋನಿಯಾದಿಂದಲೇ. ಅದಕ್ಕೇ ಸಾರನ್ನ ಕಲಸೋದು ಹೇಗೆ, ತಿನ್ನಿಸೋವಾಗ ಬೆನ್ನು ನೆಟ್ಟಗೆ ಕೂರಿಸ್ತಾರಾ, ಇದನ್ನ ಕಣ್ಣಾರೆ ನೋಡಿ. ಮೆನು ಕಾರ್ಡ್ ಓದಿದರೆ ಏನೂ ತಿಳಿಯೋದಿಲ್ಲ.

ಭಾಷೆ ಇನ್ನೊಂದು ದೊಡ್ಡ ವಿಷಯ, ಇದನ್ನ ಯಾರೂ ಕೇಳೋದೇ ಇಲ್ಲ. ಬೆಂಗಳೂರಿನ ಹೋಮ್‌ಗಳಲ್ಲಿ ಕೆಲಸ ಮಾಡೋ ಹುಡುಗಿಯರು ಎಷ್ಟೋ ಜನ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯವರು. ಮನೆ ಮಠ ಬಿಟ್ಟು ಬಂದಿರ್ತಾರೆ, ಚಿಕ್ಕ ವಯಸ್ಸು, ಅವರ ಮೇಲೆ ನನಗೆ ಗೌರವ ಇದೆ. ಆದರೆ ನಿಮ್ಮ ಅತ್ತೆಗೆ ಈಗ ಉಳಿದಿರೋದು ಹಾಸನದ ಹಳ್ಳಿಯ ಕನ್ನಡ ಒಂದೇ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಆಡಿದ ಇಂಗ್ಲಿಷೂ ಹಿಂದಿಯೂ ಎಲ್ಲಿ ಹೋದವೋ. ದೊಡ್ಡವರಾದ ಮೇಲೆ ಕಲಿತ ಭಾಷೆ ಮೊದಲು ಹೋಗೋದು, ತಾಯಿ ಆಡಿಸಿದ ಭಾಷೆ ಕೊನೆಯವರೆಗೂ ನಿಲ್ಲೋದು ಈ ಕಾಯಿಲೆಯಲ್ಲಿ ಸಾಮಾನ್ಯ. ‘ಒಂದಕ್ಕೆ ಹೋಗ್ಬೇಕು’ ಅಂತ ಅವರು ಹತ್ತು ಸಲ ಹೇಳಿದರೂ ಆ ಹುಡುಗಿಗೆ ಅರ್ಥವಾಗದೆ ಹೋದರೆ ಸೀರೆ ಒದ್ದೆಯಾಗುತ್ತೆ. ಮಾರನೇ ದಿನದಿಂದ ಡಯಾಪರ್. ತಾವಾಗಿ ಬಚ್ಚಲಿಗೆ ಹೋಗಿಬರ್ತಿದ್ದವರು ಒಂದು ವಾರದಲ್ಲಿ ಆ ಅಭ್ಯಾಸ ಕಳ್ಕೊಳ್ತಾರೆ. ಕಾಯಿಲೆ ಜಾಸ್ತಿಯಾಯ್ತು ಅಂತ ಆಮೇಲೆ ನಮಗೆ ಹೇಳ್ತಾರೆ. ಆದ್ದರಿಂದ ಹಗಲಿಗೊಬ್ಬರು, ರಾತ್ರಿಗೊಬ್ಬರು ಕನ್ನಡ ಬಲ್ಲವರು ಇದ್ದೇ ಇರ್ತಾರಾ ಅಂತ ಕೇಳಿ. ಇಲ್ಲದಿದ್ದರೆ ನೀರು, ನೋವು, ಚಳಿ, ಬಚ್ಚಲು ಇಂಥ ಮಾತುಗಳನ್ನ ಅತ್ತೆ ಹೇಗೆ ಹೇಳ್ತಾರೋ ಹಾಗೇ ಆ ಹುಡುಗಿಗೆ ಕಲಿಸೋಕೆ ನಿಮ್ಮನ್ನ ಬಿಡ್ತಾರಾ ಅಂತಾದರೂ ಕೇಳಿ. ನಮ್ಮ ಚಿಕ್ಕಮ್ಮನನ್ನ ನೋಡಿಕೊಂಡ ಒಡಿಶಾದ ಹುಡುಗಿ ತಿಂಗಳೊಪ್ಪತ್ತಿನಲ್ಲಿ ‘ಅಜ್ಜಿ, ಕಾಪಿ ಕುಡೀರಿ’ ಅನ್ನೋಕೆ ಕಲಿತಿದ್ದಳು. ಕಲಿಸೋರು ಬೇಕಷ್ಟೆ.

ನೋಡೋಕೆ ಹೋಗೋದಾದರೆ ಸಂಜೆ ಹೋಗಿ. ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ ಹೋಮೂ ಚೆನ್ನಾಗೇ ಕಾಣುತ್ತೆ, ಸ್ನಾನ ಆಗಿರುತ್ತೆ, ಕುಂಕುಮ ಇಟ್ಟಿರ್ತಾರೆ, ಹಾಲ್‌ನಲ್ಲಿ ಸಾಲಾಗಿ ಕೂರಿಸಿರ್ತಾರೆ. ಬೆಳಕು ಇಳಿಯೋ ಹೊತ್ತಿಗೆ ಈ ಕಾಯಿಲೆಯವರಿಗೆ ಕಳವಳ ಹೆಚ್ಚಾಗುತ್ತೆ. ನಿಮಗೆ ನಾನು ಹೇಳಬೇಕಾ, ದೀಪ ಹಚ್ಚೋ ಹೊತ್ತಿಗೇ ಅಲ್ಲವಾ ಅತ್ತೆ ಸೆರಗು ಸರಿಮಾಡಿಕೊಂಡು ‘ಮನೆಗೆ ಹೋಗ್ಬೇಕು’ ಅಂತ ಬಾಗಿಲಿಗೆ ಬರೋದು. ಅದೇ ಹೊತ್ತಿನಲ್ಲಿ ಅಲ್ಲಿ ನಿಂತು ನೋಡಿ. ಯಾರಾದರೂ ಒಬ್ಬ ಅಜ್ಜಿ ಮನೆಗೆ ಹೋಗ್ಬೇಕು ಅಂತಾರೆ, ಖಂಡಿತ ಅಂತಾರೆ. ಆಗ ಆಯಾ ಏನು ಮಾಡ್ತಾಳೆ? ‘ಇದೇ ನಿಮ್ಮ ಮನೆ, ಕೂತ್ಕೊಳ್ಳಿ’ ಅಂತ ಗದರ್ತಾಳಾ, ‘ನಿಮ್ಮ ಮಗ ನಾಳೆ ಬರ್ತಾನೆ’ ಅಂತ ಸುಳ್ಳು ಹೇಳಿ ಮುಂದೆ ಹೋಗ್ತಾಳಾ, ಇಲ್ಲ ಕೈ ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆದು ‘ನಿಮ್ಮ ಮನೆ ಮುಂದೆ ಬಾವಿ ಇತ್ತಾ, ಹಸು ಎಷ್ಟಿತ್ತು’ ಅಂತ ಕೇಳ್ತಾಳಾ? ಅವರು ಕೇಳೋ ಮನೆ ಹೆಚ್ಚಾಗಿ ಚಿಕ್ಕಂದಿನ ಮನೆ, ಅಲ್ಲಿಗೆ ಕರ್ಕೊಂಡು ಹೋಗೋಕೆ ನಿಮ್ಮಿಂದಲೂ ಆಗಲಿಲ್ಲ. ಜೊತೆಗೆ ನಡೆಯೋರಿದ್ದಾರಾ ಅನ್ನೋದೇ ಮುಖ್ಯ. ನನ್ನ ಕೇಳಿದರೆ ಇದೊಂದು ಗಳಿಗೆ ನೋಡಿ ಹೋಮ್ ಆರಿಸಬಹುದು, ಉಳಿದ ನೂರು ಪ್ರಶ್ನೆಗಿಂತ ಇದೇ ದೊಡ್ಡದು.

ಕಟ್ಟಿಹಾಕ್ತಾರಾ ಅಂತಲೂ ನೋಡಬೇಕು. ಕುರ್ಚಿಯ ಕೈಗೆ ಹಳೇ ದುಪಟ್ಟಾ ಗಂಟು ಹಾಕಿದ್ದು ಕಂಡರೆ ಅಲ್ಲಿಂದ ಎದ್ದು ಬನ್ನಿ. ‘ಬೀಳಬಾರದು ಅಂತ ಮೇಡಂ’ ಅಂತಾರೆ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಸರಪಳಿ ಹಾಕೋದನ್ನ ಪೂರ್ತಿ ನಿಷೇಧಿಸಿದೆ. ಬೇರೆ ರೀತಿ ತಡೆದು ಕೂರಿಸೋದಕ್ಕೂ ತಕ್ಷಣದ ಅಪಾಯ ಇರಬೇಕು, ಮನೋವೈದ್ಯರ ಒಪ್ಪಿಗೆ ಬೇಕು. ಹೋಮ್ ಯಾವ ಕಾನೂನಿನಡಿ ನೋಂದಣಿಯಾಗಿದೆ ಅಂತ ಕಾಗದ ತೋರಿಸೋಕೆ ಹೇಳಿ, ಸಂಕೋಚ ಬೇಡ. ಹಾಗಂತ ಬಾಗಿಲು ಹಾರು ಹೊಡೆದಿರಬೇಕು ಅಂತ ನಾನು ಹೇಳ್ತಿಲ್ಲ. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾ ನೋಡಿದ್ದೀರಲ್ಲ, 2016ರದ್ದು? ಅನಂತ್ ನಾಗ್ ಮಾಡಿದ ವೆಂಕೋಬ ರಾಯರು ಕಳೆದುಹೋಗೋದು ಮಗನ ಜೊತೆ ಹೊರಗೆ ಬಂದಾಗಲೇ. ಅಷ್ಟು ಸಾಕು ಕಳೆದುಹೋಗೋಕೆ. ಗೇಟು ಭದ್ರವಾಗಿರಲಿ, ಗೇಟಿನ ಒಳಗೆ ಸುತ್ತೋಕೆ ಜಾಗ ಇರಲಿ, ಒಂದು ಅಂಗಳ, ಒಂದು ಪ್ಯಾಸೇಜು. ನಡೆಯೋ ಕಾಲಿಗೆ ನಡೆಯೋಕೆ ಬಿಡಬೇಕು.

ಕಟ್ಟದೇನೂ ಕೂರಿಸಬಹುದು, ಮಾತ್ರೆ ಕೊಟ್ಟು. ಹಗಲು ಹೊತ್ತು ಹಾಲ್‌ನಲ್ಲಿರೋ ಎಲ್ಲರೂ ಕತ್ತು ವಾಲಿಸಿಕೊಂಡು ತೂಗಡಿಸ್ತಿದ್ದರೆ ಅನುಮಾನ ಪಡಿ. ಕ್ವೆಟಿಯಾಪಿನ್, ರಿಸ್ಪೆರಿಡೋನ್ ಅಂತ ಇವೆಯಲ್ಲ, ಡಿಮೆನ್ಶಿಯಾ ಇರೋ ವಯಸ್ಸಾದವರಿಗೆ ಈ ಜಾತಿಯ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚು ಅಂತ ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಕೆ ಹಾಕಿಸಿದೆ. ಕೆಲವರಿಗೆ, ಕೆಲವು ದಿನಕ್ಕೆ ಬೇಕಾಗುತ್ತೆ, ಡಾಕ್ಟರು ನೋಡಿ ಕೊಡ್ತಾರೆ, ಅದು ಬೇರೆ. ಯಾರು ಬರೆದರು, ಯಾವಾಗ ಕಡಿಮೆ ಮಾಡ್ತಾರೆ, ಕೊಡೋ ಮುಂಚೆ ಮನೆಯವರಿಗೆ ಹೇಳ್ತಾರಾ ಅಂತ ಕೇಳಿ. ಜೊತೆಗೇ ಇದನ್ನೂ ಕೇಳಿ: ನೆನ್ನೆವರೆಗೆ ಸರಿಯಾಗಿದ್ದವರು ಇವತ್ತು ಇದ್ದಕ್ಕಿದ್ದ ಹಾಗೆ ಕೂಗಾಡಿದರೆ ಏನು ಮಾಡ್ತೀರಿ? ‘ಮೂತ್ರ ಪರೀಕ್ಷೆ ಮಾಡಿಸ್ತೀವಿ, ಮಲಬದ್ಧತೆ ನೋಡ್ತೀವಿ, ಜ್ವರ ನೋಡ್ತೀವಿ’ ಅಂದರೆ ಅವರಿಗೆ ಕೆಲಸ ಗೊತ್ತು. ಮೂತ್ರದ ಸೋಂಕು ಬಂದರೆ ವಯಸ್ಸಾದವರು ಹಾಗೇ ಆಡ್ತಾರೆ.

ಬಚ್ಚಲು ನೀವೇ ಹೋಗಿ ನೋಡಿ, ನೆಲ ಒಣಗಿದೆಯಾ, ಹಿಡಿಕೆ ಇದೆಯಾ, ಹೊರಗಡೆಯಿಂದ ಚಿಲಕ ತೆಗೆಯೋಕೆ ಆಗುತ್ತಾ. ಫಿನಾಯಿಲ್ ವಾಸನೆ ಮೂಗಿಗೆ ಹೊಡೆದರೆ ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇರುತ್ತೆ. ಅಲ್ಲಿರೋರ ಉಗುರು ನೋಡಿ, ಗಂಡಸರ ಗಡ್ಡ ನೋಡಿ. ಹಲ್ಲಿನ ಸೆಟ್ಟು, ಕನ್ನಡಕ, ಕಿವಿ ಮೆಷಿನ್ನು ಅವರವರದ್ದು ಅವರವರ ಹತ್ತಿರವೇ ಇದೆಯಾ ನೋಡಿ, ಈ ಹೋಮ್‌ಗಳಲ್ಲಿ ಅದಲುಬದಲಾಗೋದು ಅವೇ. ಹಾಸಿಗೆ ಹಿಡಿದವರನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಅದನ್ನ ಬರೆದಿಡೋ ಚಾರ್ಟು ಕೇಳಿ. ರಾತ್ರಿ ಮೂರು ಗಂಟೆಯ ಕಾಲಂ ಕೂಡ ಒಂದೇ ಪೆನ್ನಿನಲ್ಲಿ ಒಂದೇ ಸಲ ತುಂಬಿಸಿದ ಹಾಗಿದ್ದರೆ ಮಗ್ಗುಲು ಬದಲಾಯಿಸಿಲ್ಲ ಅಂತಲೇ ತಿಳ್ಕೊಳ್ಳಿ.

ದುಡ್ಡಿನ ಕಾಗದ ನಿಮ್ಮ ಯಜಮಾನರು ಓದಲಿ. ಒಂದು ಸಾಲು ಮಾತ್ರ ನೀವು ಹುಡುಕಿ: ಅತ್ತೆ ಪೂರ್ತಿ ಹಾಸಿಗೆ ಹಿಡಿದರೆ ಇಟ್ಟುಕೊಳ್ತಾರಾ, ‘ವಾಪಸ್ ಕರ್ಕೊಂಡು ಹೋಗಿ’ ಅಂತಾರಾ? ಮಾಮೂಲಿ ವೃದ್ಧಾಶ್ರಮ ಎಷ್ಟೋ ಕಡೆ ಹಾಗೇ ಅನ್ನೋದು. ಬಾಯಿ ಮಾತಿನ ಭರವಸೆ ಬೇಡ, ಬರೆಸಿಕೊಳ್ಳಿ. ಆಸ್ಪತ್ರೆಗೆ ಸೇರಿಸೋ ಸಂದರ್ಭ ಬಂದರೆ ಆಂಬುಲೆನ್ಸ್‌ನಲ್ಲಿ ಜೊತೆಗೆ ಹೋಗೋರು ಯಾರು ಅನ್ನೋದನ್ನೂ.

ಏನಂದ್ರಿ? ಇನ್ನೂ ಮನಸ್ಸು ಒಪ್ತಿಲ್ಲವಾ? ಒಪ್ಪದಿದ್ದರೆ ಆತುರ ಯಾಕೆ? ಹಗಲು ಮಾತ್ರ ನೋಡಿಕೊಳ್ಳೋ ಕೇಂದ್ರಗಳೂ ಇವೆ, ಹದಿನೈದು ದಿನ ಇಟ್ಟುಕೊಂಡು ಮನೆಯವರಿಗೆ ಬಿಡುವು ಕೊಡೋ ಕಡೆಯೂ ಇವೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರು ಈ ಕಾಯಿಲೆಯವರಿಗೆ ಅಂತಲೇ ಕೇಂದ್ರ ನಡೆಸ್ತಾರೆ, ನಗರ ಪೊಲೀಸರ ಜೊತೆ ಹಿರಿಯರ ಸಹಾಯವಾಣಿ 1090 ಶುರು ಮಾಡಿದವರೂ ಅವರೇ. ದೇಶಕ್ಕೆಲ್ಲ 14567 ಅಂತ ಇನ್ನೊಂದು ನಂಬರ್ ಇದೆ, ಅದಕ್ಕೆ ಇಲ್ಲಿ ನಮ್ಮ ಮೈಸೂರಿನಿಂದಲೇ ಫೋನ್ ಮಾಡಬಹುದು. ನಿಮ್ಹಾನ್ಸ್‌ನಲ್ಲಿ ವಯಸ್ಸಾದವರ ವಿಭಾಗ ಇದೆ, ಸೇರಿಸೋ ಮುಂಚೆ ಒಂದು ಸಲ ತೋರಿಸಿಬಿಡಿ. ಆಗ ಹೋಮ್‌ನವರಿಗೆ ಕೊಡೋಕೆ ಸರಿಯಾದ ಕಾಗದವಾದರೂ ಇರುತ್ತೆ.

ಸೇರಿಸೋದು ಅಂತಾದರೆ ಅತ್ತೆಯ ಬಗ್ಗೆ ಒಂದೆರಡು ಹಾಳೆ ನೀವೇ ಬರೆದುಕೊಡಿ. ಕಾಫಿ ಲೋಟದಲ್ಲೇ ಬೇಕು, ಕಪ್ಪಿನಲ್ಲಿ ಕೊಟ್ಟರೆ ಮುಟ್ಟೋದಿಲ್ಲ. ಕನ್ನಡಿಯಲ್ಲಿ ಯಾರೋ ಮುದುಕಿ ಇದ್ದಾಳೆ ಅಂತ ಹೆದರ್ತಾರೆ, ಬಟ್ಟೆ ಮುಚ್ಚಿ. ದಾಸರ ಪದ ಹಾಕಿದರೆ ಪೂರ್ತಿ ಹಾಡ್ತಾರೆ, ಮಗನ ಹೆಸರು ನೆನಪಿಲ್ಲದ ದಿನವೂ ಹಾಡ್ತಾರೆ. ಪಾದದಿಂದ ನೀರು ಹಾಕಬೇಕು ಅನ್ನೋದನ್ನ ಎಲ್ಲಕ್ಕಿಂತ ಮೇಲೆ ಬರೀರಿ. ಫೋಟೋ ಕೊಡೋದಾದರೆ ಅವರ ಮದುವೆ ಕಾಲದ್ದು ಕೊಡಿ, ಈಚಿನ ಫೋಟೋದಲ್ಲಿ ಅವರಿಗೆ ಯಾರ ಗುರುತೂ ಹತ್ತೋದಿಲ್ಲ. ಆ ಹಾಳೆ ಕೊಟ್ಟಾಗ ಮ್ಯಾನೇಜರ್ ಮಡಿಸಿ ಫೈಲಿಗೆ ಸೇರಿಸ್ತಾರಾ, ಆಯಾನ ಕರೆದು ಓದಿ ಹೇಳ್ತಾರಾ ಅಂತಲೂ ಗಮನಿಸಿ.

ಆಮೇಲೂ ಹೋಗ್ತಾ ಇರಬೇಕು ಅಕ್ಕ, ಹೇಳದೆ ಕೇಳದೆ ಹೋಗಬೇಕು. ಮನೆಯವರು ಆಗಾಗ ಬಂದು ನಿಲ್ಲೋ ಮಂಚದ ಕಡೆ ಎಲ್ಲರಿಗೂ ಗಮನ ಇರುತ್ತೆ. ವಾರಕ್ಕೊಮ್ಮೆ ಯಾರಾದರೂ ಹೋಗೋ ಹಾಗೆ ನೀವೂ ನಾದಿನಿಯರೂ ಸರದಿ ಮಾಡಿಕೊಳ್ಳಿ. ಮೈದುನರಿಗೂ ವರ್ಷಕ್ಕೊಮ್ಮೆ ಬಂದು ಅಲ್ಲೇ ಎರಡು ವಾರ ಅಮ್ಮನ ಹತ್ತಿರ ಕೂರೋಕೆ ಹೇಳಿ. ವಿಡಿಯೋ ಕಾಲ್‌ನಲ್ಲಿ ಅವರ ಮುಖ ಅಮ್ಮನಿಗೆ ಗುರುತು ಸಿಗದೇ ಇರಬಹುದು, ಪಕ್ಕದಲ್ಲಿ ಕೂತು ಕೈ ಹಿಡಿದರೆ ಸಿಗಬಹುದು.

ಬರೋ ಭಾನುವಾರ ನನಗೆ ಬಿಡುವಿದೆ. ಅತ್ತೆ ಹತ್ತಿರ ನನ್ನ ಮಗಳು ಕೂತಿರ್ತಾಳೆ, ಅವಳನ್ನ ಕಂಡರೆ ಅವರಿಗೆ ಹೆದರಿಕೆ ಇಲ್ಲ. ಎರಡು ಗಂಟೆಗೆ ಹೊರಟರೆ ಐದೂವರೆ ಹೊತ್ತಿಗೆ ಆ ಹೋಮ್ ಮುಂದೆ ಇರ್ತೀವಿ, ಸಂಜೆ ಊಟ ಮುಗಿಯೋವರೆಗೂ ನಿಂತು ನೋಡೋಣ. ಬರ್ತೀವಿ ಅಂತ ಅವರಿಗೆ ಮೊದಲೇ ಫೋನ್ ಮಾತ್ರ ಮಾಡಬೇಡಿ.