ಹೌಸಿಂಗ್ ಸಂಧಿಪ್ರಕರಣ

ಪಿಕಪ್ ಗಾಡಿಯ ಹಿಂದಿನ ಎರಡು ಚಕ್ರಗಳ ನಡುವೆ ಸೋರೆಬುರುಡೆಯಂತೆ ಉಬ್ಬಿಕೊಂಡಿರುವ ಕಬ್ಬಿಣದ ಗುಂಡಿಗೆ ಡಿಫರೆನ್ಷಿಯಲ್ ಎಂದು ಹೆಸರು. ಸೋರೆ ಎಂಬ ಪದಕ್ಕೂ ಮುಂದೆ ಬರುವ ಸೋರಿಕೆಯ ವಿಷಯಕ್ಕೂ ವ್ಯುತ್ಪತ್ತಿಯ ನಂಟಿದೆ ಎಂದು ವಾದಿಸುವ ಆಸೆ ಯಾರಿಗಾದರೂ ಆದೀತು, ಶಾಸ್ತ್ರ ಒಪ್ಪುವುದಿಲ್ಲ. ಕಂಪನಿಯ ಕೈಪಿಡಿಯಲ್ಲಿ ಡಿಫರೆನ್ಷಿಯಲ್ ಎಂದಿರುವ ಈ ಪದಕ್ಕೆ ಗ್ಯಾರೇಜುಗಳಲ್ಲಿ ಡಿಪ್ರೆನ್ಸಲ್, ಡಿಪ್ರೆಶಲ್ ಎಂಬ ಪಾಠಾಂತರಗಳು ದೊರೆಯುತ್ತವೆ. ಲೋಕರೂಢಿಯಲ್ಲಿ ಉಳಿದದ್ದು ಸುಮ್ಮನೆ ‘ಹೌಸಿಂಗ್’. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಓಡಬೇಕು, ಒಳಚಕ್ರ ಕಡಿಮೆ. ಒಂದೇ ಇಂಜಿನ್ನಿನ ದುಡಿಮೆಯನ್ನು ಈ ಇಬ್ಬರು ದಾಯಾದಿಗಳಿಗೆ ಜಗಳವಿಲ್ಲದೆ ಹಂಚಿಕೊಡುವ ಪಂಚಾಯ್ತಿಯೇ ಹೌಸಿಂಗಿನ ಕೆಲಸ. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತ 1827ರಲ್ಲಿ ಹಬೆಗಾಡಿಗೆಂದು ಇದರ ಪೇಟೆಂಟ್ ಪಡೆದ. ಪಂಚಾಯ್ತಿ ಅಂದಿನಿಂದ ನಡೆದೇ ಇದೆ. ಅದಕ್ಕೆ ತಗಲುವ ಎಣ್ಣೆಯ ಖರ್ಚು ಮಾಲೀಕನದು.

ಎಣ್ಣೆಯ ಪ್ರಶ್ನೆ ಹುಟ್ಟಿದ್ದು ಹಲ್ಲುಗಳಿಂದ. ಹೌಸಿಂಗಿನೊಳಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. 1920ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಹೈಪಾಯಿಡ್ ಎಂಬ ಬಗೆಯ ಹಲ್ಲು ಬಂತು. ಪಿನಿಯನ್ನು ಕ್ರೌನಿನ ನಡುಮಟ್ಟದಿಂದ ಕೆಳಕ್ಕೆ ಇಳಿಯಿತು, ಅದರೊಂದಿಗೆ ಅದನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟೂ ಕಾರಿನ ನೆಲವೂ ತಗ್ಗಿದವು. ಆದರೆ ಅಲ್ಲಿಯವರೆಗೆ ಒಂದರ ಮೇಲೊಂದು ಉರುಳುತ್ತಿದ್ದ ಹಲ್ಲುಗಳು ಈಗ ಜಾರುತ್ತ ಉಜ್ಜತೊಡಗಿದವು. ಆ ಉಜ್ಜಾಟ ತಾಳಲು ಗಂಧಕ, ರಂಜಕಗಳ ಸಂಯುಕ್ತ ಬೆರೆಸಿದ ಮಂದ ಎಣ್ಣೆ ಬೇಕಾಯಿತು. ಅಂಗಡಿಯಲ್ಲಿ ಇಪಿ 90 ಎಂದೋ 80ಡಬ್ಲ್ಯು-90 ಎಂದೋ ಕೇಳಿದರೆ ಕೊಡುವುದು ಇದನ್ನೇ. ಕೊಳೆತ ಮೊಟ್ಟೆಗೂ ಬೆಳ್ಳುಳ್ಳಿಗೂ ನಡುವಿನ ಇದರ ವಾಸನೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಜಗ್ಗುವುದಿಲ್ಲ. ಪಿಕಪ್ಪಿನ ಹೌಸಿಂಗ್ ಹಿಡಿಯುವುದು ಮಾದರಿಯನ್ನು ನೋಡಿಕೊಂಡು ಎರಡು ಲೀಟರಿನ ಆಸುಪಾಸು. ಒಳಗೆ ಇರಬೇಕಾದ ಆ ಎರಡು ಲೀಟರು ಹೊರಗೆ ಬರುವುದಕ್ಕೆ ಸೋರಿಕೆ ಎಂದೂ, ರಿಪೇರಿ ಆದ ಮೇಲೂ ಬರುವುದಕ್ಕೆ ಪುನರಾವರ್ತಿತ ಸೋರಿಕೆ ಎಂದೂ ಹೆಸರು. ಈ ಪ್ರಕರಣದ ವಿಷಯ ಎರಡನೆಯದು.

ಸೋರುವ ಮಾಳಿಗೆಯ ಮೇಲೆ ಶಿಶುನಾಳ ಷರೀಫರ ಹಾಡಿದೆ. ಸೋರುವ ಹೌಸಿಂಗಿನ ಮೇಲೆ ಹಾಡಿಲ್ಲದ ಕಾರಣ ಜಿಜ್ಞಾಸು ವ್ಯಾಕರಣದ ಮೊರೆ ಹೋಗಬೇಕಾಗುತ್ತದೆ. ಮೊರೆ ಹೋದರೆ ನಷ್ಟವಿಲ್ಲ. ಹೌಸಿಂಗ್ ಸೋರುವುದು ಬಹುಪಾಲು ಸಂಧಿಗಳಲ್ಲೇ. ಎರಡು ಕಬ್ಬಿಣ ಕೂಡುವೆಡೆ, ತಿರುಗುವುದೂ ತಿರುಗದ್ದೂ ಮುಟ್ಟುವೆಡೆ, ಬೋಲ್ಟು ದಾರ ಹಿಡಿಯುವೆಡೆ. ಕನ್ನಡದ ಸಂಧಿಗಳು ಲೋಪ, ಆಗಮ, ಆದೇಶ ಎಂದು ಮೂರು. ವೈಯಾಕರಣ ಕೇಶಿರಾಜ ಹದಿಮೂರನೆಯ ಶತಮಾನದವನಾದ್ದರಿಂದ ಪಿಕಪ್ಪನ್ನು ಹೆಸರಿಸಿಲ್ಲ ಎಂಬುದನ್ನು ಬಿಟ್ಟರೆ ವಿಂಗಡಣೆ ಪೂರ್ಣವಾಗಿದೆ.

ಲೋಪಸಂಧಿಯಲ್ಲಿ ಇದ್ದದ್ದು ಹೋಗುತ್ತದೆ. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಬಿದ್ದುಹೋಗುವಂತೆ, ಪಿನಿಯನ್ ಎಂಬ ಪೂರ್ವಪದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಎಂಬ ಉತ್ತರಪದ ಸೇರುವಲ್ಲಿ ಎಣ್ಣೆ ಬಿದ್ದುಹೋಗುತ್ತದೆ. ಒಂದು ವ್ಯತ್ಯಾಸವಿದೆ. ಅರ್ಥ ಕೆಡದಿದ್ದರೆ ಮಾತ್ರ ಲೋಪ ಮಾಡಬೇಕೆಂದು ವೈಯಾಕರಣರು ಕಟ್ಟುಮಾಡಿದ್ದಾರೆ. ಹೌಸಿಂಗಿಗೆ ಆ ಕಟ್ಟುಪಾಡು ತಿಳಿಯದು. ಪಿನಿಯನ್ನಿನ ಮೂತಿಯಲ್ಲಿ ಬಿಗಿಯಾಗಿ ಕೂತ ಆಯಿಲ್ ಸೀಲು ಎಂಬ ರಬ್ಬರಿನ ಬಳೆಯೇ ಇಲ್ಲಿನ ಕಾವಲುಗಾರ. ಅದರ ತುಟಿ ಕೂದಲೆಳೆಯಷ್ಟು ಅಗಲದಲ್ಲಿ ಶಾಫ್ಟನ್ನು ಪಿನಿಯನ್ನಿಗೆ ಜೋಡಿಸುವ ಫ್ಲೇಂಜಿನ ಕುತ್ತಿಗೆಯನ್ನು ಮುಟ್ಟಿರುತ್ತದೆ. ತುಟಿಯ ಬೆನ್ನಿಗೆ ಕಾಲ್ಗೆಜ್ಜೆಯ ಎಳೆಯಂಥ ಒಂದು ಸಪೂರ ಸ್ಪ್ರಿಂಗು.

ಈ ತುಟಿಯ ಪಾಡನ್ನು ಲೆಕ್ಕ ಹಾಕಿ ನೋಡಬೇಕು. ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ ಹೊತ್ತ ಪಿಕಪ್ಪೊಂದು ಬೆಂಗಳೂರಿಗೆ ಸುಮಾರು 70 ಕಿ.ಮೀ. ಓಡುತ್ತದೆ. ಚಕ್ರ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ, ಆ ಒಂದು ಸುತ್ತಿಗೆ ಪಿನಿಯನ್ನು ನಾಲ್ಕು ಸಲ ತಿರುಗುತ್ತದೆ ಎಂದಿಟ್ಟುಕೊಂಡರೂ, ಬೆಂಗಳೂರು ಮುಟ್ಟುವಷ್ಟರಲ್ಲಿ ಪಿನಿಯನ್ನು ಆ ತುಟಿಯನ್ನು 1,30,000 ಸಲ ಸವರಿರುತ್ತದೆ. 15 ಕಿಲೋದ ಕ್ರೇಟು ನೂರು ಹೇರಿದರೆ ಒಂದೂವರೆ ಟನ್ನು. ರೇಟು ಏರಿದ ದಿನ ನೂರು ಎಂಬ ಸಂಖ್ಯೆಯೂ ಏರುತ್ತದೆ. ಭಾರ ಏರಿತೆಂದು ಮಾಲೀಕ ಪಾಟಾ ಎಂಬ ಸ್ಪ್ರಿಂಗಿನ ಕಟ್ಟಿಗೆ ಇನ್ನೊಂದು ಎಲೆ ಸೇರಿಸುತ್ತಾನೆ. ಸೀಲಿಗೆ ಇನ್ನೊಂದು ತುಟಿ ಸೇರಿಸಿದವರಿಲ್ಲ.

ಸೋರಿಕೆಯ ಮೂಲ ಹುಡುಕುವುದು ಪಾಠಸಂಪಾದನೆಗಿಂತ ಕಷ್ಟ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ಬಳಿಯುತ್ತದೆ. ಮುಂದೆ ಸೋರಿದ್ದು ಹಿಂದೆ ಕಾಣುತ್ತದೆ. ಹೌಸಿಂಗಿನ ಬೆನ್ನು ಒದ್ದೆಯಾಗಿದೆ ಎಂದು ಬೆನ್ನಿನ ಪ್ಯಾಕಿಂಗನ್ನು ಬದಲಿಸಿದವರು ಬಹಳ. ಪಿನಿಯನ್ ಸೀಲು ಸೋರುತ್ತಿದ್ದರೆ ಫ್ಲೇಂಜು ಎಣ್ಣೆಯನ್ನು ಬೀಸಿ ಎರಚುವುದರಿಂದ, ಅದರ ನೇರ ಮೇಲೆ ಬಾಡಿಯ ಅಡಿಭಾಗದಲ್ಲಿ ನಾಮ ಎಳೆದಂತೆ ಒಂದು ಕಪ್ಪು ಪಟ್ಟೆ ಮೂಡಿರುತ್ತದೆ. ಇದೂ ಸಾಲದಿದ್ದರೆ ಹೌಸಿಂಗನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ ಒಣಗಿಸಿ, ಮಗುವಿಗೆ ಹಚ್ಚುವ ಟಾಲ್ಕಂ ಪೌಡರನ್ನು ಉದುರಿಸಿ, ಹತ್ತು ಕಿಲೋಮೀಟರು ಓಡಿಸಿ ತರಬೇಕು. ಬಿಳಿಯ ಮೇಲೆ ಎಲ್ಲಿಂದ ಕಪ್ಪು ಗೆರೆ ಹೊರಟಿದೆಯೋ ಅದೇ ಮೂಲ. ಕಬ್ಬಿಣದ ಗುಂಡೊಂದು ಸ್ನಾನ ಮಾಡಿ ಪೌಡರು ಹಚ್ಚಿಕೊಂಡು ಹೆದ್ದಾರಿಯಲ್ಲಿ ಹೋಗುವ ದೃಶ್ಯ ಹಾಸ್ಯಾಸ್ಪದವೆಂದು ಗ್ಯಾರೇಜಿನ ಹುಡುಗರು ನಗುತ್ತಾರೆ. ವಿಧಾನ ಮಾತ್ರ ಪ್ರಮಾಣಸಿದ್ಧ.

ಆದೇಶಸಂಧಿಯಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ. ಬೆಟ್ಟದ ಪಕ್ಕದ ತಾವರೆ ‘ದಾವರೆ’ ಆಗುವಂತೆ, ಹಳೆಯ ಸೀಲಿನ ಜಾಗಕ್ಕೆ ಹೊಸ ಸೀಲು. ಇದು ಗ್ಯಾರೇಜು ಪಂಥದ ಪರಮಸಿದ್ಧಾಂತ. ಸೋರಿದರೆ ಸೀಲು ಬದಲಿಸು, ಮತ್ತೆ ಸೋರಿದರೆ ‘ಒರಿಜಿನಲ್’ ಸೀಲು ಹಾಕು, ಇನ್ನೂ ಸೋರಿದರೆ ಈ ಗಾಡಿಗಳೇ ಹೀಗೆ ಎಂದು ಹೇಳು. ಮೂರನೆಯ ಮೆಟ್ಟಿಲು ಏರುವ ಮುನ್ನ ಫ್ಲೇಂಜಿನ ಕುತ್ತಿಗೆಯನ್ನು ಉಗುರಿನಿಂದ ಉದ್ದಕ್ಕೆ ಗೀಚಿ ನೋಡುವುದು ಒಳ್ಳೆಯದು. ಮೆತ್ತಗಿನ ರಬ್ಬರು ಗಟ್ಟಿ ಉಕ್ಕನ್ನು ಕೊರೆಯಬಲ್ಲದು ಎಂಬುದು ನಂಬಲು ಕಷ್ಟವಾದರೂ, ತುಟಿಯ ಕೆಳಗೆ ಸಿಕ್ಕ ಧೂಳು ವರ್ಷಗಟ್ಟಲೆ ಅರೆದು ಅಲ್ಲೊಂದು ಗೀರು ಮಾಡಿರುತ್ತದೆ. ಬಾವಿಕಟ್ಟೆಯ ಕಲ್ಲನ್ನು ಹಗ್ಗ ಕೊರೆದಂತೆ. ಉಗುರು ಅಲ್ಲಿ ಸಿಕ್ಕಿಕೊಂಡರೆ ಎಷ್ಟು ಸೀಲು ಹಾಕಿದರೂ ಅಷ್ಟೇ. ಕುತ್ತಿಗೆಗೆ ತೆಳುವಾದ ಉಕ್ಕಿನ ತೋಳು ತೊಡಿಸಬೇಕು, ಇಲ್ಲವೇ ಫ್ಲೇಂಜನ್ನೇ ಬದಲಿಸಬೇಕು. ಬಡವರ ಉಪಾಯವೂ ಒಂದಿದೆ: ಹೊಸ ಸೀಲನ್ನು ಒಂದೆರಡು ಮಿಲಿಮೀಟರು ಆಚೀಚೆ ಕೂರಿಸಿ ತುಟಿಗೆ ಸವೆಯದ ಜಾಗ ತೋರಿಸುವುದು.

ಕೂರಿಸುವ ರೀತಿಯಲ್ಲೂ ಪಂಥಭೇದವಿದೆ. ಸುತ್ತಿಗೆಯಿಂದ ಒಂದು ಅಂಚಿಗೆ ಹೊಡೆದರೆ ಇನ್ನೊಂದು ಅಂಚು ಏಳುತ್ತದೆ. ಏಳುವಾಗ ಆ ಗೆಜ್ಜೆಯೆಳೆ ಸದ್ದಿಲ್ಲದೆ ಕಳಚಿ ಒಳಗೆ ಬೀಳುತ್ತದೆ. ಸೀಲಿಗೆ ಆಗಲೇ ವಯಸ್ಸಾಯಿತು. ಹಳೆಯ ಬೇರಿಂಗಿನ ಹೊರಬಳೆಯನ್ನು ಮೇಲಿಟ್ಟು ಸುತ್ತಲೂ ಸಮವಾಗಿ ತಟ್ಟುವವನು, ತುಟಿಗೆ ಎಣ್ಣೆ ಸವರಿ ಇಳಿಸುವವನು ಸಿಕ್ಕರೆ ಅವನ ಗ್ಯಾರೇಜನ್ನು ಬಿಡಬಾರದು. ಇನ್ನೂ ಸೂಕ್ಷ್ಮವಾದದ್ದು ಪಿನಿಯನ್ನಿನ ದೊಡ್ಡ ನಟ್ಟು. ಬಹಳ ಗಾಡಿಗಳಲ್ಲಿ ಅದರ ಹಿಂದೆ ಒತ್ತಡಕ್ಕೆ ನಜ್ಜಾಗಿ ಬೇರಿಂಗಿನ ಬಿಗಿಯನ್ನು ಕಾಯುವ ತೆಳು ಕೊಳವೆಯೊಂದಿರುತ್ತದೆ. ನಟ್ಟು ಬಿಚ್ಚುವ ಮೊದಲು ನಟ್ಟಿಗೂ ಶಾಫ್ಟಿಗೂ ಫ್ಲೇಂಜಿಗೂ ಪಂಚಿನಿಂದ ಗುರುತು ಹಾಕಿ, ಸುತ್ತು ಎಣಿಸಿ, ವಾಪಸು ಅದೇ ಗುರುತಿಗೆ ತಂದು ನಿಲ್ಲಿಸಬೇಕು. ಉದ್ದನೆಯ ಪೈಪು ತೂರಿಸಿ ಇಬ್ಬರು ಜೋತುಬಿದ್ದು ಬಿಗಿದರೆ ಕೊಳವೆ ಇನ್ನಷ್ಟು ನಜ್ಜಾಗಿ, ಬೇರಿಂಗು ಕಾದು, ಹೌಸಿಂಗು ತಂಬೂರಿಯ ಶ್ರುತಿ ಹಿಡಿಯುತ್ತದೆ. ಸಡಿಲ ಬಿಟ್ಟರೆ ಪಿನಿಯನ್ನು ಓಲಾಡಿ ಹೊಸ ಸೀಲು ಹಳೆಯದಾಗುತ್ತದೆ.

ಆದೇಶದ ಮೇಲೆ ಆದೇಶ ಬಂದರೂ ಲೋಪ ನಿಲ್ಲದಿದ್ದರೆ ನಿಮಿತ್ತವನ್ನು ವಿಚಾರಿಸಬೇಕು. ವಿಚಾರಿಸುವವರು ಕಡಿಮೆ, ಏಕೆಂದರೆ ಅದು ಹೌಸಿಂಗಿನ ನೆತ್ತಿಯ ಮೇಲೆ, ಯಾರೂ ಬಗ್ಗಿ ನೋಡದ ಜಾಗದಲ್ಲಿದೆ. ಬ್ರೀದರ್ ಎಂಬ ಹೆಸರಿನ, ಹುಣಸೆಬೀಜಕ್ಕಿಂತ ತುಸು ದೊಡ್ಡ ಟೋಪಿ ಅದು. ಹೌಸಿಂಗಿನೊಳಗೆ ಎಣ್ಣೆಯ ಮೇಲೆ ಗಾಳಿಯಿದೆ. ಬೆಳಿಗ್ಗೆ 30 ಡಿಗ್ರಿಯಲ್ಲಿದ್ದ ಅದು ಘಾಟಿ ಹತ್ತಿ 90 ಡಿಗ್ರಿ ಮುಟ್ಟಿತೆಂದರೆ, ಹೊರಹೋಗಲು ದಾರಿಯಿಲ್ಲದಿದ್ದಲ್ಲಿ ಅದರ ಒತ್ತಡ ಐದನೇ ಒಂದು ಪಾಲು ಏರುತ್ತದೆ. ಬ್ರೀದರ್ ತೆರೆದಿದ್ದರೆ ಗಾಳಿ ನಿಟ್ಟುಸಿರು ಬಿಟ್ಟು ಹಗುರಾಗುತ್ತದೆ. ಅದು ಕೆಸರಿನಿಂದಲೋ, ದಸರೆಗೆ ಅಡಿಯಿಂದ ಮುಡಿವರೆಗೆ ಬಳಿದ ಕಪ್ಪು ಪೇಂಟಿನಿಂದಲೋ ಮುಚ್ಚಿಹೋಗಿದ್ದರೆ ಗಾಳಿ ಎಣ್ಣೆಯನ್ನು ಮುಂದೆ ತಳ್ಳಿಕೊಂಡು ಅತಿ ದುರ್ಬಲನ ಬಾಗಿಲಿಗೆ ಹೋಗುತ್ತದೆ. ಸೀಲಿನ ತುಟಿ ಎಣ್ಣೆ ತಡೆಯಲು ಹುಟ್ಟಿದ್ದು, ಒತ್ತಡ ತಡೆಯಲು ಅಲ್ಲ. ಎಣ್ಣೆ ಹೆಚ್ಚು ಹೊಯ್ದ ಗಾಡಿಯಲ್ಲಿ ಗಾಳಿಗೆ ಉಳಿಯುವ ಜಾಗವೂ ಕಡಿಮೆ. ಸೋರುತ್ತದೆಂದು ಒಂದು ತೊಟ್ಟು ಜಾಸ್ತಿ ಹೊಯ್ಯುವ ಉದಾರಿಗಳು ಇದನ್ನು ಗಮನಿಸಬೇಕು. ಟೋಪಿಯನ್ನು ಎರಡು ಬೆರಳಿನಿಂದ ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗದಿದ್ದರೆ ಬಿಚ್ಚಿ, ಡೀಸೆಲ್ಲಿನಲ್ಲಿ ನೆನೆಸಿ, ಗಾಳಿ ಹೊಡೆದು ಮರಳಿ ಕೂರಿಸಬೇಕು. ಕೆಲಸ ಹತ್ತು ನಿಮಿಷದ್ದು. ಮೂರು ಸೀಲು ನುಂಗಿ ಮತ್ತೆ ಸೋರಿದ ಹೌಸಿಂಗಿಗೆ ಈ ಹತ್ತು ನಿಮಿಷ ಕೊಡದೆ ನಾಲ್ಕನೆಯ ಸೀಲು ತರಿಸುವುದನ್ನು ವ್ಯಾಕರಣದಲ್ಲಿ ಅಪಶಬ್ದ ಎನ್ನುತ್ತಾರೆ. ಮಾಲೀಕನೂ ಬಿಲ್ಲು ನೋಡಿದಾಗ ಅದನ್ನೇ ಆಡುತ್ತಾನೆ.

ಆಗಮಸಂಧಿ ಮಲೆನಾಡಿಗೂ ಕರಾವಳಿಗೂ ವಿಶೇಷ. ಇಲ್ಲದ ಯಕಾರ ‘ಮನೆಯನ್ನು’ ಎಂಬಲ್ಲಿ ಬಂದು ಕೂರುವಂತೆ, ಹೌಸಿಂಗಿನೊಳಗೆ ನೀರು ಬಂದು ಕೂರುತ್ತದೆ. ಶಿರಾಡಿ ಘಾಟಿ ಇಳಿದು ಕಾದ ಹೌಸಿಂಗು ಮಳೆಗಾಲದ ಹಳ್ಳದಲ್ಲಿ ಮುಳುಗಿದಾಗ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಬ್ರೀದರ್ ಕಟ್ಟಿದ್ದರೆ ಆ ಸೆಳೆತ ಸವೆದ ಸೀಲಿನ ಸಂದಿನಿಂದ ನೀರನ್ನೇ ಒಳಗೆಳೆಯುತ್ತದೆ. ಡ್ರೈನ್ ಪ್ಲಗ್ಗು ಬಿಚ್ಚಿದಾಗ ಎಣ್ಣೆ ಹಾಲು ಹೆಚ್ಚಾದ ಕಾಫಿಯಂತೆ ಇಳಿದರೆ ಆಗಮ ಖಚಿತ. ಅದನ್ನು ಪೂರ್ತಿ ಚೆಲ್ಲಬೇಕು. ಸೋಸಿ ಮರಳಿ ಹೊಯ್ಯುವ ಪದ್ಧತಿಗೆ ಯಾವ ಆಧಾರವೂ ಇಲ್ಲ. ಪ್ಲಗ್ಗಿನ ಅಯಸ್ಕಾಂತಕ್ಕೆ ಕಾಡಿಗೆಯಂಥ ನುಣುಪು ಮಸಿ ಹತ್ತಿದ್ದರೆ ಅದು ಸಹಜ ಸವೆತ. ಚೂರು ಹತ್ತಿದ್ದರೆ ವಿಷಯ ಸಂಧಿಯಿಂದ ಹಲ್ಲಿಗೆ ದಾಟಿದೆ.

ಆಕ್ಸಲಿನ ತುದಿಗಳ ಸೀಲು ಸೋರಿದರೆ ನೆಲದ ಮೇಲೆ ಹನಿ ಕಾಣದೆಯೂ ಇರಬಹುದು. ಎಣ್ಣೆ ಬ್ರೇಕ್ ಡ್ರಮ್ಮಿನೊಳಗೆ ಇಳಿದು ಲೈನರನ್ನು ನೆನೆಸುತ್ತದೆ. ಚಕ್ರದ ಒಳಮೈಯಲ್ಲಿ ಎಣ್ಣೆಯ ಜಿಗುಟು, ಬ್ರೇಕ್ ಒತ್ತಿದಾಗ ಗಾಡಿ ಹಿಡಿಯದಿರುವುದು ಇದರ ಲಕ್ಷಣ. ಈ ಒಂದು ಸೋರಿಕೆಯ ವಿಷಯದಲ್ಲಿ ಪಾಂಡಿತ್ಯವೂ ಹಾಸ್ಯವೂ ಸಲ್ಲದು: ಗಾಡಿ ನಿಲ್ಲಿಸಬೇಕು, ಸೀಲಿನ ಜೊತೆ ಬೇರಿಂಗನ್ನೂ ನೋಡಬೇಕು, ನೆನೆದ ಲೈನರನ್ನು ಉಪ್ಪುಕಾಗದದಲ್ಲಿ ತಿಕ್ಕಿ ಮರಳಿ ಹಾಕಬಾರದು. ಡ್ರೈನ್ ಪ್ಲಗ್ಗಿನ ವಾಷರು, ಪ್ಯಾಕಿಂಗಿನ ಮೇಲೆ ಕೇಕಿನ ಕ್ರೀಮಿನಂತೆ ಬಳಿದ ಸಿಲಿಕಾನು, ಓವರ್‌ಲೋಡಿಗೆ ಬೆಸುಗೆಯಲ್ಲಿ ಬಿಟ್ಟ ಕೂದಲು ಬಿರುಕು ಇವೂ ಸೋರುತ್ತವೆ, ಆದರೆ ಇವುಗಳಲ್ಲಿ ಶಾಸ್ತ್ರವಿಚಾರ ಹೆಚ್ಚಿಲ್ಲ.

ಕೊನೆಯದು ಪ್ರಕೃತಿಭಾವ. ‘ಅಬ್ಬಾ’ ಎಂಬಂಥ ಪದಗಳ ಮುಂದೆ ಸ್ವರ ಬಂದರೂ ಸಂಧಿಕಾರ್ಯ ನಡೆಯದೆ ಎಲ್ಲ ಇದ್ದಂತೆ ಉಳಿಯುವುದಕ್ಕೆ ಈ ಹೆಸರು. ಡ್ರೈವರ್ ಪಂಥದವರಿಗೆ ಇದು ಪ್ರಿಯ. ರಿಪೇರಿಯ ಖರ್ಚು ಕೇಳಿ ಅಬ್ಬಾ ಎನ್ನುತ್ತಾರೆ, ಗಾಡಿ ಇದ್ದಂತೆ ಉಳಿಯುತ್ತದೆ. ಹನಿ ಬೀಳುವಲ್ಲಿ ಟೊಮೆಟೊ ಕ್ರೇಟಿಗೆ ಹಾಸಿದ್ದ ಹಳೆಯ ಪತ್ರಿಕೆ ಹಾಸಿ, ಬೆಳಿಗ್ಗೆ ಕಲೆಯ ಅಗಲ ನೋಡಿ ಭವಿಷ್ಯ ಹೇಳುತ್ತಾರೆ. ಈ ಮಾರ್ಗ ಹಿಡಿದವರಿಗೂ ವಿಧಿಯೊಂದಿದೆ. ವಾರಕ್ಕೊಮ್ಮೆ ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹೌಸಿಂಗು ತಣಿದ ಮೇಲೆ ಮೇಲಿನ ಫಿಲ್ಲರ್ ಪ್ಲಗ್ಗು ಬಿಚ್ಚಿ, ಕಿರುಬೆರಳನ್ನು ಒಂದು ಗೆಣ್ಣಿನಷ್ಟು ತೂರಿಸಿ ಕೆಳಕ್ಕೆ ಬಾಗಿಸಬೇಕು. ತೂತಿನ ಕೆಳ ಅಂಚಿನ ಮಟ್ಟಕ್ಕೆ ಎಣ್ಣೆ ತಾಗಿದರೆ ಪ್ಲಗ್ಗು ಹಾಕಿ ಹೊರಡಬಹುದು. ತಾಗದಿದ್ದರೆ ಅಂಚಿನಲ್ಲಿ ತುಳುಕುವವರೆಗೆ ಹೊಯ್ದು, ತುಳುಕಿದ್ದು ನಿಲ್ಲುವವರೆಗೆ ಕಾದು, ಆಮೇಲೆ ಪ್ಲಗ್ಗು ಬಿಗಿಯಬೇಕು. ಬೆರಳಿನ ವಾಸನೆ ಮೂರು ದಿನ ಇರುತ್ತದೆ.