ಗೇರ್‌ಬಾಕ್ಸ್ ಮೀಮಾಂಸೆ: ಇಂಗಳೇಶ್ವರ ಕಟ್ಟೆಯ ಪಾಠ

ಮೀಮಾಂಸಕರು ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ಸಂಗತಿ ಎಂದು ಐದು ಅಂಗಗಳನ್ನು ಹೇಳಿದ್ದಾರೆ. ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಲ್ಲಿ ಆರನೆಯ ಅಂಗವೊಂದು ರೂಢಿಯಲ್ಲಿದೆ, ಅದು ಚಹಾ. ಉಳಿದ ಐದೂ ಅದರ ಆಶ್ರಯದಲ್ಲೇ ನಡೆಯುತ್ತವೆ. ವಾದವೆಂಬುದು ಈ ಊರಿಗೆ ಹೊಸದೇನಲ್ಲ. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲೋ, ತಾಯಿ ಮಾದಲಾಂಬಿಕೆಯ ತವರಾದ ಇಂಗಳೇಶ್ವರದಲ್ಲೋ ಎಂದು ವಿದ್ವಾಂಸರು ಬಹಳ ಕಾಲ ಜಗ್ಗಾಡಿದ್ದಾರೆ. ಆ ಪ್ರಶ್ನೆಗೆ ಪ್ರಸ್ತುತ ಪ್ರಬಂಧ ಕೈ ಹಾಕುವುದಿಲ್ಲ. ಇದರ ವಿಷಯ ಇನ್ನೂ ತುರ್ತಿನದು: ಬೇವಿನ ಗಿಡದ ಕೆಳಗೆ ನಿಂತಿರುವ ಸಾವಕಾರರ ಹಳೆಯ ಆಟೋಮ್ಯಾಟಿಕ್ ಕಾರು ಯಾಕೆ ಜಗ್ಗವಲ್ಲದು?

ಮೊದಲು ವಸ್ತುವಿನ ಇತಿಹಾಸ. ಬೆಂಗಳೂರಿನ ಮಗ ಹೊಸ ಕಾರು ತಗೊಂಡ. ಹಳೆಯದನ್ನು ಅಪ್ಪನಿಗೆ ಕಳಿಸಿದ. ನಾಲ್ಕು ಗೇರಿನ ಆಟೋಮ್ಯಾಟಿಕ್. "ಅಪ್ಪಾ, ಇದರಾಗ ಕ್ಲಚ್ ತುಳಿಯೂದಿಲ್ಲ, ಗೇರ್ ಹಾಕೂದಿಲ್ಲ, ಸುಮ್ನ ಕುಂತು ಹೊಡೀರಿ" ಎಂಬ ಮೌಖಿಕ ಪರಂಪರೆಯೊಂದೇ ಕಾರಿನ ಜೊತೆ ಬಂದದ್ದು. ಕೈಪಿಡಿ ಬೆಂಗಳೂರಿನ ಯಾವುದೋ ಡ್ರಾವರಿನಲ್ಲಿ ಉಳಿಯಿತು. ವಚನಗಳನ್ನು ಕಲ್ಲಿನಲ್ಲಿ ಕೊರೆಸಿಟ್ಟ ಶಿಲಾಮಂಟಪವಿರುವ ಊರಿದು. ಕಾಗದವನ್ನು ಪೂರ್ತಿ ನಂಬಬಾರದೆಂಬುದು ಇಲ್ಲಿಯವರಿಗೆ ಗೊತ್ತು. ಕಾರು ಮಾಡಿದವರಿಗೆ ಗೊತ್ತಿರಲಿಲ್ಲ.

ಲಕ್ಷಣಗಳು ಹೀಗೆ. ಡಿ ಗೆ ಹಾಕಿ ರೇಸ್ ಕೊಟ್ಟರೆ ಗಾಡಿ ನಿಂತಲ್ಲಿಂದ ಏಳಲು ಒಲ್ಲೆನ್ನುತ್ತದೆ, ಇಂಜಿನ್ ಸುಮ್ಮನೆ ಒದರುತ್ತದೆ. ಹೇಗೋ ಎದ್ದು ವೇಗ ಹಿಡಿದ ಮೇಲೆ ತಕರಾರಿಲ್ಲ. ಎಷ್ಟು ಓಡಿಸಿದರೂ ಗೇರ್ ಬದಲಾದ ಸುಳಿವು ಮಾತ್ರ ಸಿಗದು. ಬೆಳಿಗ್ಗೆ ತಣ್ಣಗಿರುವಾಗ ರಿವರ್ಸ್‌ಗೆ ಹಾಕಿದರೆ ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ಟಕ್ ಎಂದು ಹಿಡಿಯುತ್ತದೆ. ಸಂಶಯ: ಗೇರ್‌ಬಾಕ್ಸ್ ಸತ್ತಿದೆಯೋ, ಸತ್ತಂತೆ ಕಾಣುತ್ತಿದೆಯೋ?

ಪೂರ್ವಪಕ್ಷವನ್ನು ಟ್ರ್ಯಾಕ್ಟರ್ ಮಿಸ್ತ್ರಿ ಮಂಡಿಸಿದ. ಬಾನೆಟ್ ಎತ್ತಲಿಲ್ಲ, ಬಾಗಿಲು ತೆಗೆಯಲಿಲ್ಲ. ಪಾನಾ ಸಹ ಕೈಗೆ ತಗೊಳ್ಳಲಿಲ್ಲ. "ಕಿಲಚ್ ಪ್ಲೇಟ್ ಹೋಗ್ಯಾವ್ರೀ ಸಾವಕಾರ್ರ. ಗೇರ್‌ಬಾಕ್ಸ್ ಇಳಸೂದ." ಪ್ರತ್ಯಕ್ಷಕ್ಕಿಂತ ಅನುಮಾನವೇ ದೊಡ್ಡ ಪ್ರಮಾಣವೆಂದು ಬಗೆಯುವ ಈ ಪಂಥಕ್ಕೆ ಜಿಲ್ಲೆಯ ತುಂಬ ಅನುಯಾಯಿಗಳಿದ್ದಾರೆ. ಪಕ್ಕದಲ್ಲಿದ್ದ ಕಾಲೇಜು ಹುಡುಗ ಖಂಡಿಸಿದ: "ಇದಕ್ಕ ಕ್ಲಚ್ಚ ಇಲ್ಲೋ ಕಾಕಾ." ಮಿಸ್ತ್ರಿಯ ಪ್ರತಿಖಂಡನೆ: "ಕ್ಲಚ್ ಇಲ್ದ ಗಾಡಿ ಹೆಂಗ ನಡೀತೈತಿ, ನೀನ ಹೇಳು."

ಇಬ್ಬರೂ ಅರ್ಧರ್ಧ ಸರಿ, ತೊಂದರೆ ಅದೇ. ಈ ಕಾರಿನಲ್ಲಿ ತುಳಿಯುವ ಕ್ಲಚ್ ಇಲ್ಲ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಟಾರ್ಕ್ ಕನ್ವರ್ಟರ್. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಹಚ್ಚಿದರೆ ಅದರ ಗಾಳಿಗೆ ಇನ್ನೊಂದು ತಿರುಗುವ ಹಾಗೆ, ಇಲ್ಲಿ ಗಾಳಿಯ ಬದಲು ಎಣ್ಣೆ. ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರ ನಿಂತು ಎಣ್ಣೆಯ ದಿಕ್ಕು ತಿದ್ದಿ ಬಲ ಹೆಚ್ಚಿಸುತ್ತದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಇದರ ಪೇಟೆಂಟ್ ಪಡೆದದ್ದು ಕಾರಿಗಲ್ಲ, ಹಡಗಿಗೆ. ಆದರೆ ಕನ್ವರ್ಟರಿನ ಹಿಂದಿರುವ ಪೆಟ್ಟಿಗೆಯೊಳಗೆ, ಎಣ್ಣೆಯಲ್ಲಿ ಮುಳುಗಿದ ಸಣ್ಣ ಸಣ್ಣ ಕ್ಲಚ್ ಪ್ಲೇಟುಗಳ ಕಂತೆಗಳೇ ಇವೆ. ಎಣ್ಣೆಯ ಒತ್ತಡ ಯಾವ ಕಂತೆಯನ್ನು ಅಮುಕುತ್ತದೋ ಅದಕ್ಕೆ ತಕ್ಕ ಗೇರು. ಹಾಗಾಗಿ ಪ್ಲೇಟ್ ಹೋಗುವುದು ಸಾಧ್ಯ. ನೋಡದೆ ಹೇಳುವುದು ಮಾತ್ರ ಸಾಧ್ಯವಿಲ್ಲ.

(ಆ ಪೆಟ್ಟಿಗೆಯಲ್ಲಿ ನಡುವೆ ಒಂದು ಸೂರ್ಯ ಗೇರು, ಅದರ ಸುತ್ತ ಗ್ರಹ ಗೇರುಗಳು ತಿರುಗುತ್ತವೆ ಎಂದು ಹುಡುಗ ಬಾಯಿ ತಪ್ಪಿ ಹೇಳಿದ್ದರಿಂದ, ಪಂಚಾಂಗ ನೋಡುವವರೊಬ್ಬರು ಇದು ತಮ್ಮ ಅಧಿಕಾರವ್ಯಾಪ್ತಿಗೆ ಬರುವುದೆಂದು ಕುರ್ಚಿ ಮುಂದಕ್ಕೆಳೆದುಕೊಂಡರು. ಅವರ ಪರಿಹಾರವನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ.)

ಇಲ್ಲೊಂದು ಪಾಠಾಂತರವನ್ನು ಗಮನಿಸಬೇಕು. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಬಂದಂದಿನಿಂದ ನಮ್ಮಲ್ಲಿ ಅಗ್ಗದ ಆಟೋಮ್ಯಾಟಿಕ್‌ಗಳದೊಂದು ದೊಡ್ಡ ಸಂತತಿ ಬೆಳೆದಿದೆ. ಅವುಗಳ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್ ಪ್ಲೇಟ್. ಕಾಲಿನ ಬದಲು ಯಂತ್ರವೊಂದು ತುಳಿಯುತ್ತದೆ, ಅಷ್ಟೇ. ಆ ಗಾಡಿ ಇಲ್ಲಿ ನಿಂತಿದ್ದರೆ ಮಿಸ್ತ್ರಿಯ ಮಾತು ಬಹುಶಃ ಸಿದ್ಧಾಂತವೇ ಆಗಿರುತ್ತಿತ್ತು. ಸಿವಿಟಿ ಎಂಬ ಮೂರನೆಯ ಜಾತಿಯಲ್ಲಿ ಗೇರುಗಳೇ ಇಲ್ಲ. ಎರಡು ರಾಟೆ, ಒಂದು ಉಕ್ಕಿನ ಪಟ್ಟಿ. ಅದರಲ್ಲಿ ಗೇರ್ ಬೀಳುತ್ತಿಲ್ಲವೆಂದು ದೂರುವವರಿಗೆ ಅದು ಎಂದೂ ಬೀಳುವುದಿಲ್ಲವೆಂದು ಸಮಾಧಾನ ಹೇಳಬೇಕಾಗುತ್ತದೆ. ಯಾವ ಜಾತಿಯ ಗಾಡಿಯೆಂದು ಕೇಳದೆ ಮದ್ದು ಹೇಳುವವನ ಮಾತಿಗೆ ಕಟ್ಟೆಯ ಮೇಲೆ ಬೆಲೆಯಿದೆ, ಗ್ಯಾರೇಜಿನಲ್ಲಿ ಬಿಲ್ಲಿದೆ.

ಉತ್ತರಪಕ್ಷವನ್ನು ನಿವೃತ್ತ ಬಸ್ ಚಾಲಕರು ಎತ್ತಿಕೊಂಡರು. ಇವರು ಪ್ರತ್ಯಕ್ಷವಾದಿ. ಮೊದಲು ಎಣ್ಣೆ ನೋಡೋಣ ಎಂದರು. ಹೆಚ್ಚಿನ ಗಾಡಿಗಳಲ್ಲಿ ಇದಕ್ಕೊಂದು ವಿಧಿಯಿದೆ: ಹತ್ತಾರು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಸಮ ನೆಲದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು ಗೇರ್ ದಾಂಡಿಯನ್ನು ಪಿ ಯಿಂದ ಕೆಳಗಿನ ತನಕ ಎಲ್ಲಾ ಮನೆಗಳಲ್ಲೂ ಒಮ್ಮೆ ನಿಲ್ಲಿಸಿ ವಾಪಸು ಪಿ ಗೆ ತಂದು, ಇಂಜಿನ್ ನಡೆಯುತ್ತಿರುವಾಗಲೇ ಗೇರ್‌ಬಾಕ್ಸಿನ ಅಳತೆ ಕಡ್ಡಿ ಎಳೆಯಬೇಕು. ಹೋಂಡಾದಂಥ ಕೆಲವರು ಇಂಜಿನ್ ಬಂದ್ ಮಾಡಿ ನೋಡಿರಿ ಎನ್ನುತ್ತಾರೆ. ಕೆಲವು ಗಾಡಿಗಳಿಗೆ ಕಡ್ಡಿಯೇ ಇರುವುದಿಲ್ಲ. ಇಲ್ಲಿ ಇತ್ತು. ಒರೆಸಲು ಬಿಳಿ ಬಟ್ಟೆ ಬೇಕಾಯಿತು. ಹಿರಿಯರೊಬ್ಬರು ಶಾಸ್ತ್ರಕ್ಕಾಗಿ ತಮ್ಮ ಧೋತರದ ಚುಂಗನ್ನೇ ಮುಂದೆ ಮಾಡಿದರು.

ಧೋತರದ ಮೇಲೆ ಬಿದ್ದ ಕಲೆಯನ್ನು ಸಭೆ ಬಹಳ ಹೊತ್ತು ಓದಿತು. ಹೊಸ ಎಣ್ಣೆ ತಿಳಿಗೆಂಪು. ವಯಸ್ಸಾದಂತೆ ಕಂದು. ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ ಒಳಗೆ ಪ್ಲೇಟುಗಳು ಉರಿದಿವೆ. ಹಾಲು ಬೆರೆಸಿದಂಥ ಗುಲಾಬಿ ಬಣ್ಣವಾದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ನೀರು ಸೇರಿದೆ. ಆಗ ಗಾಡಿಯನ್ನು ಒಂದು ಮಾರು ಸಹ ಓಡಿಸಬಾರದು. ಧೋತರ ಕಂದುಗೆಂಪು ಎಂದಿತು. ವಾಸನೆ ಇಲ್ಲ, ಮಟ್ಟ ಸರಿಯಾಗಿದೆ. ಬೆರಳ ನಡುವೆ ಉಜ್ಜಿದಾಗ ಲೋಹದ ತರಿಯೂ ಸಿಗಲಿಲ್ಲ. ಅಲ್ಲಿಗೆ ಗೇರ್‌ಬಾಕ್ಸ್ ಇಳಿಸುವ ಪಂಥದ ಅರ್ಧ ಬಲ ಕುಸಿಯಿತು. ಹಿರಿಯರ ಮನೆಯಲ್ಲಿ ಆ ಧೋತರದ ಬಗ್ಗೆ ನಡೆದ ಚರ್ಚೆ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಎಣ್ಣೆಯ ಕುರಿತು ಕಟ್ಟೆಯಲ್ಲಿ ಎರಡು ಉಪಪಂಥಗಳುಂಟು. "ಎಣ್ಣಿ ಅಂದಮ್ಯಾಲ ಎಣ್ಣಿ" ಎಂಬುದು ಅದ್ವೈತಿಗಳ ಮತ. ಟ್ರ್ಯಾಕ್ಟರಿಗೆ ತಂದ ಡಬ್ಬಿಯಲ್ಲಿ ಉಳಿದದ್ದನ್ನೇ ಸುರಿಯಲು ಅವರು ಸಿದ್ಧರಿದ್ದರು. ಅದನ್ನು ತಡೆಯಬೇಕು. ಈ ಎಣ್ಣೆ ಜಾರಿಸಬೇಕು, ಪ್ಲೇಟು ಹಿಡಿಯುವ ಹೊತ್ತಿಗೆ ಜಾರದಿರಲೂ ಬೇಕು. ಆ ಹದಕ್ಕಾಗಿಯೇ ಒಂದು ಕಾಲದಲ್ಲಿ ಅಮೆರಿಕದಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1973ರಲ್ಲಿ ಅಲ್ಲಿ ಅಳಿವಿನಂಚಿನ ಜೀವಿಗಳ ಕಾಯ್ದೆ ಬಂದ ಮೇಲೆ ರಸಾಯನಶಾಸ್ತ್ರಜ್ಞರು ಬೇರೆ ದಾರಿ ಹುಡುಕಿದರು. ಕಡ್ಡಿಯ ಮೇಲೋ ಕೈಪಿಡಿಯಲ್ಲೋ ಯಾವ ಹೆಸರಿದೆಯೋ ಅದೇ ಎಣ್ಣೆ, ಬೇರೆ ಬೇಡ. ಎರಡನೆಯ ಉಪಪಂಥ: "ಹಳೇ ಗಾಡಿಗೆ ಹೊಸ ಎಣ್ಣಿ ಹಾಕಿದ್ರ ಸಾಯ್ತೈತಿ." ಇದರಲ್ಲಿ ಕಾರ್ಯಕಾರಣ ತಿರುವುಮುರುವಾಗಿದೆ. ಜನ ಎಣ್ಣೆ ಬದಲಿಸುವುದೇ ಗಾಡಿ ಜಾರಲು ಶುರುವಾದ ಮೇಲೆ. ಆಮೇಲೆ ಸತ್ತರೆ ಅಪವಾದ ಹೊಸ ಎಣ್ಣೆಗೆ. ವಿಜಯಪುರ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ರೇಡಿಯೇಟರಿನ ಮುಂದೆ ಎರಿ ಹೊಲದ ಧೂಳು ಕಟ್ಟಿರುತ್ತದೆ. ಇಲ್ಲಿ ಎಣ್ಣೆ ಮುಪ್ಪಾಗುವುದು ಬೆಂಗಳೂರಿಗಿಂತ ಬೇಗ.

ಸೋರಿಕೆಗೆ ಹಳೆಯ ದಿನಪತ್ರಿಕೆಯೇ ಸಾಕು. ರಾತ್ರಿ ಗಾಡಿಯ ಕೆಳಗೆ ಹಾಸಿ, ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡಿದರಾಯಿತು. ಕೆಂಪು ಕಂಡಾಕ್ಷಣ ಗೇರ್‌ಬಾಕ್ಸ್ ಎನ್ನಬೇಡಿ. ಪವರ್ ಸ್ಟೀಯರಿಂಗಿನದೂ ಅನೇಕ ಗಾಡಿಗಳಲ್ಲಿ ಅದೇ ಕೆಂಪು ಎಣ್ಣೆ.

ಮುಂದೆ ಸ್ಟಾಲ್ ಪರೀಕ್ಷೆ. ಹ್ಯಾಂಡ್‌ಬ್ರೇಕ್ ಜಗ್ಗಿ, ಕಾಲಿನ ಬ್ರೇಕ್ ಪೂರ್ತಿ ಒತ್ತಿ, ಡಿ ಗೆ ಹಾಕಿ ಪೂರ್ತಿ ರೇಸ್ ಕೊಟ್ಟು ಇಂಜಿನ್ ಎಷ್ಟು ಸುತ್ತಿಗೆ ನಿಲ್ಲುತ್ತದೆ ನೋಡುವುದು. 5 ಸೆಕೆಂಡು ಮೀರಿದರೆ ಪರೀಕ್ಷೆಯೇ ರೋಗವಾಗುತ್ತದೆ. ಕೈಪಿಡಿಯ ಸಂಖ್ಯೆಗಿಂತ ಮೇಲೆ ಹೋದರೆ ಪ್ಲೇಟು ಜಾರುತ್ತಿದೆ ಅಥವಾ ಒತ್ತಡ ಕಡಿಮೆ. ಕೆಳಗೆ ನಿಂತರೆ ಇಂಜಿನ್ನೇ ಸೋತಿದೆ ಅಥವಾ ಸ್ಟೇಟರಿನ ಒಮ್ಮುಖ ಕ್ಲಚ್ ಜಾರುತ್ತಿದೆ. ಗಾಡಿಯ ಎದುರಿಗೆ ಮಿರ್ಚಿ ಭಜಿ ಅಂಗಡಿ ಇದ್ದುದರಿಂದ ಈ ಪರೀಕ್ಷೆಗೆ ಅಂಗಡಿಕಾರ ಅನುಮತಿ ಕೊಡಲಿಲ್ಲ.

ಪರೀಕ್ಷೆ ಇಲ್ಲದೆಯೂ ಚಾಲಕರು ಒಂದು ಸೂಕ್ಷ್ಮ ಹಿಡಿದರು. ಜಾರುವ ಗಾಡಿ ವೇಗದಲ್ಲಿಯೂ ಜಾರಬೇಕು: ಇಂಜಿನ್ ಏರಬೇಕು, ಗಾಡಿ ಏರಬಾರದು. ಇದು ಹಾಗಲ್ಲ, ಏಳುವಾಗ ಮಾತ್ರ ಭಾರ. "ಇದು ಮೂರನೇ ಗೇರಿನ್ಯಾಗ ಏಳಾಕತ್ತೈತ್ರೀ" ಎಂದರು. ನಲವತ್ತು ಸೀಟಿನ ಬಸ್ಸನ್ನು ಅಪ್ಪಿತಪ್ಪಿ ಮೂರರಲ್ಲಿ ಎಬ್ಬಿಸಿ ನೋಡಿದವರಿಗೆ ಆ ನರಳಿಕೆಯ ಗುರುತು ತಪ್ಪುವುದಿಲ್ಲ. ಅವರಿಗೆ ತಿಳಿಯದೆಯೇ ಅವರು ಲಿಂಪ್ ಮೋಡ್ ಎಂಬ ಸಿದ್ಧಾಂತವನ್ನು ಮುಟ್ಟಿದ್ದರು. ಎಲೆಕ್ಟ್ರಾನಿಕ್ ಹಿಡಿತದ ಪೆಟ್ಟಿಗೆಗೆ ತನ್ನ ಸೆನ್ಸರ್, ಸೊಲೆನಾಯ್ಡ್ ಅಥವಾ ಕರೆಂಟಿನ ಮೇಲೆ ವಿಶ್ವಾಸ ತಪ್ಪಿದರೆ, ಇನ್ನಷ್ಟು ಹಾಳಾಗದಿರಲಿ ಎಂದು ಅದು ಒಂದೇ ಗೇರಿನಲ್ಲಿ, ನಾಲ್ಕು ಗೇರಿನವುಗಳಲ್ಲಿ ಹೆಚ್ಚಾಗಿ ಮೂರರಲ್ಲಿ, ಕೂತುಬಿಡುತ್ತದೆ. ಸ್ಕ್ಯಾನರ್ ಹಚ್ಚಿದರೆ ಪಿ 0700 ಎಂದೋ ಮತ್ತೊಂದೋ ಬರುತ್ತದೆ. ಅದು ಇಡೀ ಪೆಟ್ಟಿಗೆಗೆ ಬಂದ ನೋಟೀಸು. ಆರೋಪವೇನೆಂದು ಬೇರೆ ಕೋಡ್ ನೋಡಬೇಕು. ಇಂಗಳೇಶ್ವರದಲ್ಲಿ ಸ್ಕ್ಯಾನರ್ ಇರಲಿಲ್ಲ.

ಇಷ್ಟರಲ್ಲಿ ಪ್ರಕರಣ ಹೊಸ ತಿರುವು ಪಡೆಯಿತು. ಮರುದಿನ ಬೆಳಿಗ್ಗೆ ಗಾಡಿ ಚಾಲೂ ಆಗಲೇ ಇಲ್ಲ. ಪಿ ಯಲ್ಲಿ ಚಾವಿ ತಿರುಗಿಸಿದರೆ ಒಂದು ಕ್ಲಿಕ್. ಎನ್ ಗೆ ತಂದು ತಿರುಗಿಸಿದರೂ ಅದೇ ಕ್ಲಿಕ್. ಹಾಗಾಗಿ ಪಿ, ಎನ್ ಬಿಟ್ಟು ಬೇರೆಡೆ ಚಾಲೂ ಆಗಗೊಡದ ನ್ಯೂಟ್ರಲ್ ಸ್ವಿಚ್ಚಿನ ತಪ್ಪಲ್ಲ. ಆಗ ಎದ್ದಿತು ಊರಿನ ಅತ್ಯಂತ ಪ್ರಾಚೀನ, ಅತ್ಯಂತ ಜನಪ್ರಿಯ ಪಂಥ.

"ದಬ್ಬೂನು ಬರ್ರೋ!"

ದಬ್ಬಿದರು. ಶಾಲೆಗೆ ಹೊರಟ ಹುಡುಗರು ಚೀಲ ಕೆಳಗಿಟ್ಟು ದಬ್ಬಿದರು, ಹಾಲಿನವನು ಕ್ಯಾನ್ ಇಳಿಸಿ ದಬ್ಬಿದ. ಸಾವಕಾರರು ಒಳಗೆ ಕೂತು ಎನ್ ನಿಂದ ಡಿ ಗೆ, ಡಿ ಯಿಂದ ಎನ್ ಗೆ ಹಾಕುತ್ತ, ಯಾವುದರಲ್ಲಾದರೂ ಹಿಡಿದೀತೆಂದು ಕಾದರು. ಗಾಡಿ ಆರಾಮವಾಗಿ ಉರುಳಿತು, ಇಂಜಿನ್ ಸದ್ದಿಲ್ಲ. ಶಾಸ್ತ್ರ ಇಲ್ಲಿ ನಿರ್ದಯವಾಗಿದೆ: ಕ್ಲಚ್ ಪ್ಲೇಟು ಅಮುಕಲು ಎಣ್ಣೆಯ ಒತ್ತಡ ಬೇಕು, ಒತ್ತಡಕ್ಕೆ ಪಂಪು ತಿರುಗಬೇಕು, ಪಂಪನ್ನು ತಿರುಗಿಸುವುದು ಇಂಜಿನ್. ಇಂಜಿನ್ ಚಾಲೂ ಆಗಲು ಇಂಜಿನ್ ಚಾಲೂ ಇರಬೇಕು. ಅಮೆರಿಕದ ಹಳೆಯ ಕೆಲವು ಆಟೋಮ್ಯಾಟಿಕ್‌ಗಳಲ್ಲಿ ಹಿಂದೆಯೂ ಒಂದು ಪಂಪಿತ್ತು, ಅವು ದಬ್ಬಿದರೆ ಚಾಲೂ ಆಗುತ್ತಿದ್ದವು. 1960ರ ದಶಕದಲ್ಲಿ ಖರ್ಚು ಉಳಿಸಲು ಅದನ್ನು ತೆಗೆದರು. ಆ ತೀರ್ಮಾನ ಮಾಡಿದವರು ಬಾಗೇವಾಡಿ ತಾಲ್ಲೂಕನ್ನು ಕಂಡವರಲ್ಲ.

ಜೋಡೆತ್ತು ಹೂಡಿ ಬಾಗೇವಾಡಿ ತನಕ ಎಳೆಸೋಣವೆಂಬ ಸಲಹೆಯೂ ಬಂತು. ಕಾರ ಹುಣ್ಣಿಮೆಗೆ ಕರಿ ಹರಿದ ಎತ್ತುಗಳ ಯಜಮಾನ ತಾನಾಗಿ ಮುಂದೆ ಬಂದಿದ್ದ. ಎತ್ತುಗಳ ವೇಗಕ್ಕೆ ಹಾನಿ ಕಡಿಮೆಯೇ, ಆದರೂ ಗೇರ್‌ಬಾಕ್ಸಿಗೆ ಜೋಡಿಸಿದ ಮುಂದಿನ ಗಾಲಿ ನೆಲದ ಮೇಲಿಟ್ಟು ದೂರ ಎಳೆದರೆ, ಪಂಪು ನಿಂತ ಪೆಟ್ಟಿಗೆಯೊಳಗೆ ಎಣ್ಣೆ ಹರಿಯದೆ ಎಲ್ಲ ಒಣಗಿ ಉಜ್ಜುತ್ತದೆ. ಮುಂದಿನ ಗಾಲಿ ಎತ್ತಿಯೇ ಒಯ್ಯಬೇಕು.

ಸಿದ್ಧಾಂತ ಬಂದದ್ದು ಯಾರೂ ಕೇಳದ ದಿಕ್ಕಿನಿಂದ. ಬೋರ್‌ವೆಲ್ಲಿನ ಮೋಟಾರ್ ಕಟ್ಟುವ ಹುಡುಗ ಅದೇ ದಾರಿಯಲ್ಲಿ ಹೊರಟಿದ್ದ. ಅವನಿಗೆ ಗೇರ್‌ಬಾಕ್ಸಿನ ಅ ಆ ಇ ಈ ಗೊತ್ತಿಲ್ಲ, ಓಲ್ಟೇಜ್ ಗೊತ್ತು. ಕಡಿಮೆ ಓಲ್ಟೇಜಿಗೆ ಮೋಟಾರು ಗುಂಯ್ ಎನ್ನುವುದನ್ನು, ಸುಡುವುದನ್ನು ಕಂಡು ಬೆಳೆದವ. ಮೀಟರ್ ಹಚ್ಚಿದ: ಬ್ಯಾಟರಿಯಲ್ಲಿ 12.5. "ಬ್ಯಾಟರಿ ಛಲೋ ಐತ್ರಿ." ಆಮೇಲೆ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಗೇರ್‌ಬಾಕ್ಸಿನ ಮೈಗೆ ಇಟ್ಟು ಚಾವಿ ತಿರುಗಿಸಲು ಹೇಳಿದ. ಅರ್ಧ ಓಲ್ಟಿನ ಒಳಗೆ ಇರಬೇಕಾದ ಕಡೆ ಮೀಟರ್ ಹಾರಿತು. ಟ್ರ್ಯಾಕ್ಟರಿನ ಕೇಬಲ್ ತಂದು ಒಂದು ತುದಿ ಬ್ಯಾಟರಿ ಮೈನಸ್ಸಿಗೂ ಇನ್ನೊಂದು ನೇರ ಇಂಜಿನ್ನಿನ ಮೈಗೂ ಕಚ್ಚಿಸಿದ. ಮೊದಲ ಚಾವಿಗೇ ಇಂಜಿನ್ ಎದ್ದಿತು. ಡಿ ಗೆ ಹಾಕಿದಾಗ ಗಾಡಿ ಒಂದರಿಂದ ಹೊರಟು, ಎರಡು, ಮೂರು ಎಂದು ಎಲ್ಲರಿಗೂ ಕೇಳುವಂತೆ ಗೇರ್ ಬದಲಿಸಿಕೊಂಡು ಹೋಯಿತು.

ಗೇರ್‌ಬಾಕ್ಸಿಗೂ ಬಾಡಿಗೂ ನಡುವಿನ ಅರ್ಥಿಂಗ್ ಪಟ್ಟಿ ಹಸಿರುಗಟ್ಟಿ ಹಿಡಿತ ಬಿಟ್ಟಿತ್ತು. ಸ್ಟಾರ್ಟರಿಗೆ ಕರೆಂಟಿಲ್ಲ, ಪೆಟ್ಟಿಗೆಯ ಕಂಪ್ಯೂಟರಿಗೆ ಭರವಸೆಯಿಲ್ಲ. ಹುಡುಗ ಮರಳು ಕಾಗದದಿಂದ ಉಜ್ಜಿ ಹೊಸ ಬೋಲ್ಟ್ ಬಿಗಿದ.

ಪಂಥಗಳು ಸೋಲೊಪ್ಪಿಕೊಂಡವೆಂದು ತಿಳಿಯಬಾರದು. ಮಿಸ್ತ್ರಿ "ಈಗ ನಡೀತೈತಿ, ಪ್ಲೇಟ್ ಅಂತೂ ಹೋಗಾವ ಅದಾವ" ಎಂದ. ದಬ್ಬಿದವರು ತಾವು ದಬ್ಬಿದಾಗಲೇ ಗಾಡಿ ಸಡಿಲಾಗಿತ್ತೆಂದು ಇಂದಿಗೂ ವಾದಿಸುತ್ತಾರೆ. ಮಿಸ್ತ್ರಿಯ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ: ಬೆಳಗಿನ ರಿವರ್ಸಿನ ತಡ ಅರ್ಥಿಂಗಿನಿಂದ ಹೋಗಲಿಲ್ಲ. ಒಳಗಿನ ರಬ್ಬರ್ ಸೀಲುಗಳು ವಯಸ್ಸಿಗೆ ಗಟ್ಟಿಯಾದರೆ ತಣ್ಣಗಿರುವಾಗ ಒತ್ತಡ ಕಟ್ಟಲು ಹೊತ್ತು ಬೇಕಾಗುತ್ತದೆ. ಅದಕ್ಕೆ ಪೆಟ್ಟಿಗೆ ಇಳಿಸಲೇಬೇಕು, ಇಳಿಸಿದರೆ ಗಾಡಿಯ ಬೆಲೆಗಿಂತ ಖರ್ಚು ಹೆಚ್ಚು. ಸಾವಕಾರರು ಬೇರೆ ಉಪಾಯ ಕಂಡುಕೊಂಡಿದ್ದಾರೆ. ರಾತ್ರಿ ಗಾಡಿ ನಿಲ್ಲಿಸುವಾಗಲೇ ಅದರ ಮುಖ ದಾರಿಯ ಕಡೆ ಮಾಡಿಡುತ್ತಾರೆ. ಎದುರಿಗೆ ಯಾರಾದರೂ ಟ್ರ್ಯಾಕ್ಟರ್ ಹಚ್ಚಿದ್ದರೆ ಬೆಳಿಗ್ಗೆ ಅವರನ್ನೇ ರಿವರ್ಸ್ ತಗೊಳ್ಳಲು ಹೇಳುತ್ತಾರೆ.